ಮಕ್ಕಳನ್ನು ಕರೆದುಕೊಂಡು ಚೀಸ್-ವೈನ್ ಉತ್ಸವಕ್ಕೆ ಹೋಗಬಹುದೇ?

ಪ್ರಶ್ನೆ: ರಜೆಗೆ ಹೋಗುತ್ತಿರುವ ಊರಿನಲ್ಲಿ ಅದೇ ವಾರ ಚೀಸ್-ವೈನ್ ಉತ್ಸವ ಇದೆ. ಕುಟುಂಬ ಸಮೇತ ಬನ್ನಿ ಎಂದೇ ಹಾಕಿದ್ದಾರೆ. ನಮಗೆ ಐದು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಹೋಗಬಹುದೇ? ನಮ್ಮ ಕಣ್ಣೆದುರೇ ಮಕ್ಕಳಿಗೆ ಒಂದು ಗುಟುಕು ವೈನ್ ರುಚಿ ತೋರಿಸಿದರೆ ಮುಂದೆ ಅದರ ಮೇಲೆ ಕುತೂಹಲ ಉಳಿಯುವುದಿಲ್ಲ ಎನ್ನುತ್ತಾರಲ್ಲ, ನಿಜವೇ?

ಉತ್ತರ: ಹೋಗಿ. ಗುಟುಕು ಮಾತ್ರ ಬೇಡ.

ರಜೆಯ ಕಾಲ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಬಂದಾಗಲೆಲ್ಲ ಆ ಕೊನೆಯ ಸಾಲೂ ಅಂಟಿಕೊಂಡೇ ಬರುತ್ತದೆ. ಮೊದಲ ಭಾಗಕ್ಕೆ ಹೆಚ್ಚು ಮಾತು ಬೇಕಿಲ್ಲ. ಬಾಗಿಲು ತೆರೆದ ಕೂಡಲೇ ಹೋಗಿ, ಮಧ್ಯಾಹ್ನದ ನೂಕುನುಗ್ಗಲಿಗೆ ಮೊದಲು ಹೊರಬನ್ನಿ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ. ಹಿಂದಿರುಗುವಾಗ ಗಾಡಿ ಓಡಿಸುವವರು ಯಾರು ಎಂಬುದು ಹೊರಡುವ ಮೊದಲೇ ತೀರ್ಮಾನವಾಗಲಿ, ಅವರು ಒಂದು ಹನಿಯನ್ನೂ ಮುಟ್ಟದಿರಲಿ. ರುಚಿ ನೋಡಲು ಕೊಡುವುದು ಸ್ವಲ್ಪವೇ ಅಲ್ಲವೇ ಎನ್ನುವವರು ಲೆಕ್ಕ ಹಾಕಿ ನೋಡಿ: ಒಂದು ಮಳಿಗೆಯಲ್ಲಿ 50 ಮಿಲಿ ಎಂದರೆ ಹತ್ತು ಮಳಿಗೆಗೆ ಅರ್ಧ ಲೀಟರ್. 750 ಮಿಲಿ ಬಾಟಲಿಯ ಮೂರನೇ ಎರಡು ಪಾಲು ಒಬ್ಬರ ಹೊಟ್ಟೆಗೆ ಹೋಯಿತು. ಮೇಜಿನ ಮೇಲೆ ಉಗುಳುವ ಪಾತ್ರೆ ಇಟ್ಟಿರುವುದು ಅದಕ್ಕೇ. ವೈನ್ ರುಚಿ ನೋಡುವುದೇ ವೃತ್ತಿಯಾಗಿರುವವರು ಬಾಯಲ್ಲಿ ಆಡಿಸಿ ಉಗುಳುತ್ತಾರೆ, ನೀವೂ ಸಂಕೋಚಪಡಬೇಕಿಲ್ಲ.

ಈಗ ಆ ಗುಟುಕಿನ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ, ಆದರೂ ಬಿಡಿಸಿಯೇ ಹೇಳುತ್ತೇನೆ. ಮಕ್ಕಳ ವಿಷಯವಾದ್ದರಿಂದ ಬೇಸರ ಪಟ್ಟುಕೊಳ್ಳುವಂತಿಲ್ಲ.

ಈ ನಂಬಿಕೆಯವರು ಮೊದಲು ಎತ್ತುವ ಹೆಸರು ಫ್ರಾನ್ಸ್. 'ಅಲ್ಲಿ ಮಕ್ಕಳಿಗೆ ಊಟದ ಜೊತೆ ವೈನ್ ಕೊಡುತ್ತಾರೆ, ಅದಕ್ಕೇ ಅವರು ದೊಡ್ಡವರಾದ ಮೇಲೆ ಹದ ತಪ್ಪುವುದಿಲ್ಲ' ಎಂಬ ಮಾತು ಕೇಳದವರಿಲ್ಲ. ಅಲ್ಲಿ ಒಂದು ಕಾಲಕ್ಕೆ ಶಾಲೆಯ ಊಟದಲ್ಲೂ ವೈನ್ ಇತ್ತು ನಿಜ. ಆಮೇಲೆ ಆದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. 1956ರಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಶಾಲೆಯಲ್ಲಿ ಮದ್ಯ ಕೊಡುವುದನ್ನು ನಿಷೇಧಿಸಿದರು. 1981ರಲ್ಲಿ ಪ್ರೌಢಶಾಲೆಗಳಿಂದಲೂ ತೆಗೆದರು. 2009ರಿಂದ 18 ತುಂಬದವರಿಗೆ ಮಾರುವಂತೆಯೇ ಇಲ್ಲ. ಆ ಪದ್ಧತಿಯಿಂದ ಒಳ್ಳೆಯದಾಗಿದ್ದರೆ ಅದನ್ನು ಹುಟ್ಟುಹಾಕಿದ ದೇಶವೇ ಹೀಗೆ ಒಂದೊಂದಾಗಿ ಕಿತ್ತುಹಾಕುತ್ತಿತ್ತೇ?

ಎರಡನೆಯದು ಕಾನೂನಿನ ವಾದ. ಬ್ರಿಟನ್ನಿನಲ್ಲಿ 5 ವರ್ಷ ದಾಟಿದ ಮಗುವಿಗೆ ಮನೆಯಲ್ಲಿ ಕೊಟ್ಟರೆ ಅಪರಾಧವಲ್ಲವಂತೆ ಎಂದು ಕೆಲವರು ಬರೆಯುತ್ತಾರೆ. ಆ ಕಾನೂನು 1933ರದು. ಅದು ಶಿಕ್ಷೆ ಎಲ್ಲಿಂದ ಶುರು ಎಂದು ಹೇಳುತ್ತದೆಯೇ ಹೊರತು ಐದಾದ ಮೇಲೆ ಕೊಡಿ ಎಂದು ಹೇಳುವುದಿಲ್ಲ. ಅದೇ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ 2009ರಲ್ಲಿ ತಂದೆ-ತಾಯಂದಿರಿಗೆ ಕೊಟ್ಟ ಸಲಹೆ, ಕನಿಷ್ಠ 15 ವರ್ಷದವರೆಗೆ ಮಕ್ಕಳ ಬಾಲ್ಯ ಮದ್ಯವಿಲ್ಲದೇ ಸಾಗಲಿ ಎಂದು.

ಇನ್ನು 'ಕುತೂಹಲ ತಣಿಯುತ್ತದೆ' ಎಂಬುದು. ಇದನ್ನು ಊಹೆಗೆ ಬಿಡದೆ ಪರೀಕ್ಷಿಸಿ ನೋಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಹದಿಹರೆಯದವರನ್ನು 6 ವರ್ಷ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅಪ್ಪ-ಅಮ್ಮನೇ ಮದ್ಯ ಕೊಟ್ಟದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಹಾಗೆ ಪಡೆದವರು ಮುಂದೆ ಬೇರೆಯವರಿಂದಲೂ ಪಡೆದು ಕುಡಿಯುವ ಸಾಧ್ಯತೆಯೇ ಹೆಚ್ಚು ಎಂದು ಕಂಡುಬಂತು. ಮಗುವಿನ ಕಡೆಯಿಂದ ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಮ್ಮನೇ ಕೈಯಾರೆ ಕೊಟ್ಟದ್ದನ್ನು ಮಗು 'ಇದು ನನಗೆ ಸಲ್ಲುವ ವಸ್ತು' ಎಂದೇ ತಿಳಿಯುತ್ತದೆ.

'ವೈನ್ ಎಂದರೆ ದ್ರಾಕ್ಷಿ ರಸ ತಾನೇ' ಎನ್ನುವವರೂ ಇದ್ದಾರೆ. ಯೀಸ್ಟ್ ಆ ರಸದ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮಾಡಿದ ಮೇಲೆ ಅದು ರಸವಾಗಿ ಉಳಿಯುವುದಿಲ್ಲ. ಸಾಮಾನ್ಯವಾಗಿ ವೈನ್‌ನಲ್ಲಿ ಶೇಕಡ 12ರಿಂದ 14ರಷ್ಟು ಆಲ್ಕೊಹಾಲ್ ಇರುತ್ತದೆ, ಬಿಯರ್‌ನ ಎರಡು ಪಟ್ಟಿಗೂ ಹೆಚ್ಚು. ಒಂದು ಗುಟುಕಿಗೇ ಮಗು ಆಸ್ಪತ್ರೆ ಸೇರುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ಪುಟ್ಟ ಮಕ್ಕಳ ದೇಹದಲ್ಲಿ ಆಲ್ಕೊಹಾಲ್ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಉತ್ಸವದಲ್ಲಿ ಕಣ್ಣಿಡಬೇಕಾದದ್ದೂ ಇಲ್ಲೇ: ಯಾರೋ ಅರ್ಧ ಕುಡಿದು ಇಟ್ಟುಹೋದ ಲೋಟಗಳು ಐದು ವರ್ಷದ ಮಗುವಿನ ಕೈಗೆ ಸರಿಯಾಗಿ ಎಟಕುವಷ್ಟು ಎತ್ತರದಲ್ಲಿರುತ್ತವೆ.

ಮಕ್ಕಳಿಗೆ ಅಲ್ಲಿ ಸಲ್ಲುವುದು ಚೀಸ್. ಮೊದಲು ಮೆದುರುಚಿಯವು, ಕೊನೆಗೆ ನೀಲಿ ಗೆರೆಯವು ಎಂಬ ಕ್ರಮದಲ್ಲಿ ತಿನ್ನಿಸಿ, ಇಲ್ಲದಿದ್ದರೆ ಎರಡನೇ ಮಳಿಗೆಯಲ್ಲೇ ಮುಖ ಸಿಂಡರಿಸಿ ಕೂರುತ್ತಾರೆ. ಚೀಸ್ ಮಾಡಿ ತೋರಿಸುವ ಮಳಿಗೆ ಇದ್ದರೆ ಅಲ್ಲೇ ಅರ್ಧ ಗಂಟೆ ನಿಲ್ಲಿ. ಸುಮಾರು ಹತ್ತು ಲೀಟರ್ ಹಾಲು ಒಂದು ಕಿಲೋ ಗಟ್ಟಿ ಚೀಸ್ ಆಗಿ ಕುಗ್ಗುವುದನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯುವುದಿಲ್ಲ. ಒಂದು ಎಚ್ಚರ: ಹಸಿ ಹಾಲಿನಿಂದ ಮಾಡಿದ ಮೆತ್ತನೆಯ ಚೀಸ್‌ಗಳು ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಬೇಡ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯವಿದೆ.

ಇಷ್ಟು ಬರೆದ ಮೇಲೆ, ನೀವು ಕೇಳದಿದ್ದರೂ, ಒಂದು ಮಾತು ಹೇಳದೆ ಇರಲಾರೆ. ನೀವು ಸಸ್ಯಾಹಾರಿಗಳಾಗಿದ್ದರೆ, ಚೀಸ್ ಹಾಲಿನದ್ದೇ ತಾನೇ ಎಂದು ಎಲ್ಲ ತಟ್ಟೆಗೂ ಕೈ ಹಾಕಬೇಡಿ. ಹಾಲನ್ನು ಗಟ್ಟಿಯಾಗಿಸಲು ಹಾಕುವ ರೆನೆಟ್ ಹಿಂದಿನಿಂದಲೂ ಬಂದದ್ದು ಎಳೆಗರುವಿನ ಹೊಟ್ಟೆಯ ನಾಲ್ಕನೇ ಭಾಗದಿಂದ. ಕರುವನ್ನು ಕೊಯ್ಯದೆ ಅದು ಸಿಗುವುದಿಲ್ಲ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರು ಹೊತ್ತ ಚೀಸ್‌ಗೆ ಕರುವಿನ ರೆನೆಟ್ಟೇ ಆಗಬೇಕೆಂಬುದು ನಿಯಮ, ಬದಲಿಗೆ ಅವಕಾಶವಿಲ್ಲ. ಪೋರ್ಚುಗಲ್ಲಿನ ಸೆರ್ರಾ ದ ಎಸ್ಟ್ರೆಲಾ ಎಂಬ ಕುರಿಹಾಲಿನ ಚೀಸ್‌ಗೆ ಮುಳ್ಳುಗಿಡವೊಂದರ ಹೂವೇ ಸಾಕು. ಬೂಷ್ಟಿನಿಂದ ತೆಗೆದ ರೆನೆಟ್ ಇದೆ. ಕರುವಿನ ಜೀನನ್ನು ಸೂಕ್ಷ್ಮಜೀವಿಗೆ ಸೇರಿಸಿ, ಹಾಲನ್ನು ಗಟ್ಟಿಯಾಗಿಸುವ ರೆನೆಟ್‌ನ ಕಿಣ್ವವನ್ನೇ ತಯಾರಿಸುವ ವಿಧಾನಕ್ಕೂ ಅಮೆರಿಕ 1990ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಬಹಳಷ್ಟು ಚೀಸ್ ಆಗುವುದು ಇದರಿಂದಲೇ.

ಆದ್ದರಿಂದ ಮಳಿಗೆಯವರನ್ನು 'ಇದರಲ್ಲಿ ಮಾಂಸ ಇದೆಯೇ' ಎಂದು ಕೇಳಬೇಡಿ. ಅವರು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾರೆ. 'ಯಾವ ರೆನೆಟ್ ಹಾಕಿದ್ದೀರಿ' ಎಂದು ಕೇಳಿ. ತಾವೇ ಚೀಸ್ ಮಾಡಿ ತಂದವರಾದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ವೈನ್ ಮಳಿಗೆಯಲ್ಲಿ ಕೇಳಬೇಕಾದದ್ದು, ತಿಳಿಗೊಳಿಸಲು ಏನು ಬಳಸಿದಿರಿ ಎಂದು. ಮೊಟ್ಟೆಯ ಬಿಳಿಯಿಂದ ಹಿಡಿದು ಮೀನಿನ ಗಾಳಿಚೀಲದವರೆಗೆ ಏನು ಬೇಕಾದರೂ ಆಗಿರಬಹುದು, ಬರೀ ಜೇಡಿಮಣ್ಣೂ ಆಗಿರಬಹುದು.