ಖಾಲಿ ಬಿಟ್ಟ ಮೊದಲ ಪೆಟ್ಟು

ಜಮೈಕದಲ್ಲಿ ಹುಟ್ಟಿದ ರೂಟ್ಸ್ ರೆಗ್ಗೆ ಎಂಬ ಬಗೆಯ, ಎಪ್ಪತ್ತರ ದಶಕದ ಹಾಡೊಂದನ್ನು ಫೋನಿನ ಸ್ಪೀಕರಿನಲ್ಲಿ ಹಾಕಿ ಕೇಳಿ. ಹಾಡುಗಾರನ ದನಿ ಕೇಳಿಸುತ್ತದೆ, ಗಿಟಾರಿನ ಚಕ್ ಚಕ್ ಕೇಳಿಸುತ್ತದೆ, ಆರ್ಗನ್ನು, ಸಿಂಬಲ್ಲು ಎಲ್ಲವೂ ಇವೆ. ಇಡೀ ಹಾಡನ್ನು ಹೊತ್ತು ನಡೆಯುವ ಬೇಸ್, ಅಂದರೆ ಮಂದ್ರದ ದನಿ, ಮಾತ್ರ ನಾಪತ್ತೆ.

ತಪ್ಪು ಫೋನಿನದಲ್ಲ, ಅದು ಭೌತಶಾಸ್ತ್ರದ ಕಟ್ಟಳೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಆ ಸ್ವರದ ಒಂದೊಂದು ಅಲೆಯೂ 8 ಮೀಟರಿಗಿಂತ ಉದ್ದ. ಅಷ್ಟು ದೊಡ್ಡ ಅಲೆ ಎಬ್ಬಿಸಲು ರಾಶಿ ಗಾಳಿಯನ್ನು ತಳ್ಳಬೇಕು. ಶಬ್ದದ ಜೋರು ಹಾಗೇ ಇರಬೇಕೆಂದರೆ, ಆವೃತ್ತಿ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಳತೆ ಹರ್ಟ್ಜ್) ಅರ್ಧಕ್ಕೆ ಇಳಿದಾಗಲೆಲ್ಲ ಸ್ಪೀಕರಿನ ಪರದೆ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಆಡಬೇಕಾಗುತ್ತದೆ. 640 ಹರ್ಟ್ಜ್‌ನಿಂದ 40 ಹರ್ಟ್ಜ್‌ಗೆ ಬಂದರೆ 256 ಪಟ್ಟು. ಉಗುರಿನಷ್ಟಗಲದ ಸ್ಪೀಕರ್ ಎಲ್ಲಿಂದ ತಂದೀತು? ಸಾಲದ್ದಕ್ಕೆ ನಮ್ಮ ಕಿವಿಯೂ ಮಂದ್ರಕ್ಕೆ ಮಂದವೇ. 1000 ಹರ್ಟ್ಜ್‌ನ ಸ್ವರ 40 ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳಿಸುತ್ತದೋ ಅಷ್ಟೇ ಜೋರಾಗಿ ಕೇಳಿಸಲು 40 ಹರ್ಟ್ಜ್‌ನ ಸ್ವರ 80 ಡೆಸಿಬೆಲ್ ದಾಟಬೇಕು.

ಇಂಥ ಕಡೆ ಮಿದುಳು ಒಂದು ಉಪಾಯ ಮಾಡುತ್ತದೆ. 40 ಹರ್ಟ್ಜ್‌ನ ಮೂಲಸ್ವರ ಕಿವಿಗೆ ಬರದಿದ್ದರೂ ಅದರ ಜೊತೆ ಹುಟ್ಟುವ 80, 120, 160 ಹರ್ಟ್ಜ್‌ನ ಮೇಲಿನ ಕಂಪನಗಳು ಬಂದರೆ ಸಾಕು, ಕಾಣದ ಮೂಲವನ್ನು ತಾನೇ ಊಹಿಸಿ ಕೇಳಿಸಿಬಿಡುತ್ತದೆ. ಎಷ್ಟೋ ಸಿನಿಮಾ ಹಾಡುಗಳ ಬೇಸ್ ಸಣ್ಣ ರೇಡಿಯೊದಲ್ಲೂ ಬದುಕಿ ಉಳಿಯುವುದು ಹೀಗೆ. ರೂಟ್ಸ್ ರೆಗ್ಗೆಯ ಬೇಸ್ ವಾದಕರು ಸಾಮಾನ್ಯವಾಗಿ ಟ್ರೆಬಲ್ (ಎತ್ತರದ ದನಿ) ಪೂರ್ತಿ ಇಳಿಸಿ, ತಂತಿಯ ಮೊನಚನ್ನು ಅದುಮಿ ನುಡಿಸುತ್ತಿದ್ದರು. ಉಳಿಯುತ್ತಿದ್ದುದು ದುಂಡಗಿನ, ಬರೀ ಮಂದ್ರದ ದನಿ. ಮಿದುಳಿಗೆ ಊಹಿಸಲು ಸುಳಿವೇ ಸಿಗುವುದಿಲ್ಲ.

ಹಳೆಯ ರೆಗ್ಗೆ, ಎಂಬತ್ತರ ದಶಕದ ಹೌಸ್, ತೊಂಬತ್ತರ ಜಂಗಲ್ ಎಂಬ ಕುಣಿತದ ಎಲೆಕ್ಟ್ರಾನಿಕ್ ಸಂಗೀತ ಇವನ್ನೆಲ್ಲ ಇಂದಿನ ಇಪ್ಪತ್ತರ ಹರೆಯದವರು ಹುಡುಕಿಕೊಂಡು ಹೋಗುವುದನ್ನು ‘ಹಳೇ ಕಾಲದ ಹಂಬಲ’ ಎಂದು ಷರಾ ಬರೆದು ಮುಗಿಸುವವರು ಬಹಳ ಮಂದಿ. ತಾವು ಹುಟ್ಟುವುದಕ್ಕೆ ಮೊದಲಿನ ಕಾಲದ ಮೇಲೆ ಹಂಬಲ ಎಲ್ಲಿಂದ ಬರಬೇಕು? ನನಗನ್ನಿಸುವಂತೆ ಅವರ ಕೈಗೆ ಸಿಕ್ಕಿರುವುದು ಹಾಡಿಗಿಂತ ಹೆಚ್ಚಾಗಿ ಒಂದು ಯಂತ್ರ. ಇಯರ್‌ಫೋನಿನಲ್ಲಿ ಬೆಳೆದ ಮೈಗೆ ಅಲ್ಲಿಯವರೆಗೆ ಗೊತ್ತೇ ಇರದಿದ್ದ ಯಂತ್ರ.

ಆ ಯಂತ್ರದ ಹೆಸರು ಸೌಂಡ್ ಸಿಸ್ಟಮ್, ಊರು ಜಮೈಕದ ಕಿಂಗ್‌ಸ್ಟನ್. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅಲ್ಲಿನ ಬಡ ಕೇರಿಗಳ ಜನಕ್ಕೆ ಸ್ವಂತ ರೆಕಾರ್ಡ್ ಪ್ಲೇಯರ್ ದೂರದ ಮಾತಾಗಿತ್ತು. ಬಯಲಿನಲ್ಲಿ ಒಂದು ಟರ್ನ್‌ಟೇಬಲ್, ವಾಲ್ವ್ ಆಂಪ್ಲಿಫೈಯರ್, ಬಟ್ಟೆಯ ಬೀರು ಗಾತ್ರದ ಸ್ಪೀಕರ್ ಪೆಟ್ಟಿಗೆಗಳನ್ನಿಟ್ಟು ಅಮೆರಿಕದ ರಿದಮ್ ಆಂಡ್ ಬ್ಲೂಸ್ ತಟ್ಟೆಗಳನ್ನು ಹಾಕುತ್ತಿದ್ದರು. ಬಾಗಿಲ ಟಿಕೆಟ್ಟು, ಬಿಯರ್ ಮಾರಾಟ, ಇದೇ ವ್ಯಾಪಾರ. ಸೌಂಡ್ ಸಿಸ್ಟಮ್ ಒಡೆಯರಾದ ಕಾಕ್ಸನ್ ಡಾಡ್ ಮತ್ತು ಡ್ಯೂಕ್ ರೀಡ್ ನಡುವಿನ ಪೈಪೋಟಿಯಂತೂ ದಂತಕತೆಯೇ ಆಗಿದೆ. ಯಾರ ಪೆಟ್ಟಿಗೆ ಭಾರವಾಗಿ ಗುಡುಗುತ್ತದೋ ಅವರ ಬಯಲಿಗೆ ಜನ. ಐವತ್ತರ ದಶಕದ ಕೊನೆಗೆ ಅಮೆರಿಕದಿಂದ ಬೇಕಾದಂಥ ತಟ್ಟೆಗಳು ಬರುವುದು ಕಡಿಮೆಯಾದಾಗ ಇವರು ತಾವೇ ಹಾಡು ಮುದ್ರಿಸಲು ಇಳಿದರು. ಅದರಿಂದ ಸ್ಕಾ ಎಂಬ ಕುಣಿತದ ಸಂಗೀತ ಹುಟ್ಟಿತು, 1966ರ ಹೊತ್ತಿಗೆ ನಡೆ ನಿಧಾನವಾಗಿ ರಾಕ್‌ಸ್ಟೆಡಿ, 1968ರ ಹೊತ್ತಿಗೆ ರೆಗ್ಗೆ. ಕ್ರಮ ಗಮನಿಸಿ: ಮೊದಲು ಬಂದದ್ದು ಪೆಟ್ಟಿಗೆ, ಆಮೇಲೆ ಆ ಪೆಟ್ಟಿಗೆಗೆ ಒಪ್ಪುವಂಥ ಸಂಗೀತ.

ಈ ಕತೆಯಲ್ಲಿ ನನಗೆ ಎಲ್ಲರಿಗಿಂತ ಪ್ರಿಯನಾದವನು ಕಿಂಗ್ ಟಬ್ಬಿ. ನಿಜ ಹೆಸರು ಆಸ್ಬೋರ್ನ್ ರಡಕ್, ಹುಟ್ಟಿದ್ದು 1941ರಲ್ಲಿ. ರೇಡಿಯೊ ರಿಪೇರಿ ಮಾಡುತ್ತ, ಟ್ರಾನ್ಸ್‌ಫಾರ್ಮರ್ ಸುತ್ತುತ್ತ, ಬೇರೆಯವರ ಸೌಂಡ್ ಸಿಸ್ಟಮ್‌ಗಳಿಗೆ ಆಂಪ್ಲಿಫೈಯರ್ ಕಟ್ಟಿಕೊಡುತ್ತಿದ್ದ ಮನುಷ್ಯ. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯ ತನ್ನ ಮನೆಯಲ್ಲೇ ದೊಡ್ಡ ಸ್ಟುಡಿಯೊ ಒಂದು ಮಾರಿದ ಹಳೆಯ ನಾಲ್ಕು ಚಾನೆಲ್ಲಿನ ಮಿಕ್ಸರ್ (ಬೇರೆ ಬೇರೆ ದನಿಗಳನ್ನು ಬೆರೆಸುವ ಯಂತ್ರ) ಇಟ್ಟುಕೊಂಡು, ಬೇರೆಯವರು ಮುದ್ರಿಸಿದ ಹಾಡುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಹಾಡುಗಾರನನ್ನು ಅರ್ಧ ಸಾಲಿಗೇ ತಡೆದು ಅವನ ಕೊನೆಯ ಅಕ್ಷರವನ್ನು ಪ್ರತಿಧ್ವನಿಯಲ್ಲಿ ತೇಲಿಬಿಡುವುದು, ಡ್ರಮ್ಮು ಬೇಸು ಮಾತ್ರ ಉಳಿಸುವುದು, ಆಮೇಲೆ ಅವನ್ನೂ ಕಿತ್ತುಕೊಳ್ಳುವುದು. ಅವನ ಮಿಕ್ಸರಿನಲ್ಲಿ ಮಂದ್ರವನ್ನು ಹಂತ ಹಂತವಾಗಿ ಸೋಸಿ ತೆಗೆಯುವ ದೊಡ್ಡ ಗುಬುಟೊಂದಿತ್ತು. ಅದನ್ನು ತಿರುಗಿಸಿದರೆ ಹಾಡು ತಗಡಿನಂತೆ ತೆಳುವಾಗುತ್ತಿತ್ತು, ವಾಪಸು ತಿರುಗಿಸಿದ ಕ್ಷಣ ಬೇಸ್ ಬಂದು ಮೈಮೇಲೆ ಬೀಳುತ್ತಿತ್ತು. ಇವತ್ತು ಯಾವ ಕ್ಲಬ್ಬಿಗೆ ಹೋದರೂ ಡಿಜೆ ಬೇಸ್ ತೆಗೆದು, ಕಾಯಿಸಿ, ಮತ್ತೆ ಬಿಡುತ್ತಾನಲ್ಲ, ಅದರ ಒಂದು ಬೇರು ಈ ಮೆಕ್ಯಾನಿಕ್ಕನ ಬೆರಳುಗಳಲ್ಲಿದೆ. ಈ ಬಗೆಯ ಸಂಗೀತಕ್ಕೆ ಡಬ್ ಎಂದು ಹೆಸರಾಯಿತು. 1989ರಲ್ಲಿ ಟಬ್ಬಿಯನ್ನು ಮನೆಯ ಹೊರಗೆ ಯಾರೋ ಗುಂಡಿಟ್ಟು ಕೊಂದರು.

ಬೇಸ್‌ನಷ್ಟೇ ಮುಖ್ಯವಾದ ಇನ್ನೊಂದು ಕರಾಮತ್ತು ತಾಳದ್ದು. ರೂಟ್ಸ್ ರೆಗ್ಗೆಯ ‘ಒನ್ ಡ್ರಾಪ್’ ನಡೆಗೆ ಒಂದರಿಂದ ನಾಲ್ಕರವರೆಗೆ ಎಣಿಸಿ ನೋಡಿ. ಎರಡಕ್ಕೂ ನಾಲ್ಕಕ್ಕೂ ಗಿಟಾರಿನ ಚಕ್. ಮೂರಕ್ಕೆ ಕಿಕ್ ಡ್ರಮ್ಮು, ಸ್ನೇರು ಒಟ್ಟಿಗೆ. ಒಂದಕ್ಕೆ? ಖಾಲಿ. ಬಾಬ್ ಮಾರ್ಲಿಯ ತಂಡದ ಡ್ರಮ್ಮರ್ ಕಾರ್ಲ್ಟನ್ ಬ್ಯಾರೆಟ್ ಈ ಖಾಲಿತನವನ್ನು ನುಡಿಸುತ್ತಿದ್ದ ಬಗೆ ಕೇಳಿಯೇ ತಿಳಿಯಬೇಕು. ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿ, ಸುಮ್ಮನಿದ್ದು ಆಮೇಲೆ ಎಡುಪಿನಲ್ಲಿ ಎತ್ತಿಕೊಳ್ಳುವ ಕೃತಿಗಳಿಗೆ ಕೈತಾಳ ಹಾಕಿ ರೂಢಿಯಿದ್ದವರಿಗೆ ಈ ಸುಖ ಪರಿಚಿತ: ಅಲ್ಲಿ ಮೊದಲ ಪೆಟ್ಟು ಹಾಕುವವನು ಕೇಳುಗನೇ.

ಬುಡಾಪೆಸ್ಟ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಹುಟ್ಟಿ ಎರಡು ಮೂರು ದಿನವಾಗಿದ್ದ, ನಿದ್ದೆಯಲ್ಲಿದ್ದ ಕೂಸುಗಳಿಗೆ ಡ್ರಮ್ ತಾಳ ಕೇಳಿಸಿ, ತಲೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಂದ ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ನಡುವಿನ ಸಣ್ಣಪುಟ್ಟ ಪೆಟ್ಟು ಬಿಟ್ಟಾಗ ಹೆಚ್ಚೇನೂ ಆಗಲಿಲ್ಲ. ಆವರ್ತದ ಮೊದಲ ಪೆಟ್ಟನ್ನು ಬಿಟ್ಟಾಗ ಮಾತ್ರ ಆ ಪುಟ್ಟ ಮಿದುಳುಗಳು ಬೆಚ್ಚಿದವು. ‘ಇಲ್ಲಿ ಒಂದು ಬರಬೇಕಿತ್ತಲ್ಲ’ ಎಂಬ ಲೆಕ್ಕ ತೊಟ್ಟಿಲಲ್ಲೇ ಶುರುವಾಗಿರುತ್ತದೆ. ಒನ್ ಡ್ರಾಪ್ ಈ ನಿರೀಕ್ಷೆಯನ್ನು ಆವರ್ತಕ್ಕೊಮ್ಮೆ ಕೆಣಕುತ್ತದೆ. ಮಿದುಳು ಖಾಲಿ ಬಿಟ್ಟಲ್ಲಿ ತಾನೇ ಪೆಟ್ಟು ತುಂಬುತ್ತದೆ, ಮಂಡಿ ಬಾಗುತ್ತದೆ. ಕೆಣಕುವಿಕೆಗೂ ಹದ ಬೇಕು. 50 ಡ್ರಮ್ ತುಣುಕುಗಳನ್ನು ಜನರಿಗೆ ಕೇಳಿಸಿ ನಡೆಸಿದ 2014ರ ಅಧ್ಯಯನದಲ್ಲಿ ತೀರಾ ಸಾದಾ ತಾಳಕ್ಕೂ ತೀರಾ ತೊಡಕಿನ ತಾಳಕ್ಕೂ ಕುಣಿಯುವ ಆಸೆ ಕಡಿಮೆಯೇ ಇತ್ತು, ನಡುವಿನವಕ್ಕೆ ಅತಿ ಹೆಚ್ಚು.

ಅದೇ ವರ್ಷ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗುಂಪೊಂದು ಇನ್ನೊಂದು ಸಂಗತಿ ತೋರಿಸಿತು. ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ ಒಟ್ಟಿಗೆ ನುಡಿಯುತ್ತಿರುವಾಗ ಯಾವುದಾದರೊಂದು 50 ಮಿಲಿಸೆಕೆಂಡ್ ಮುಂಚೆ ಬಂದರೆ, ಕೆಳಗಿನ ಸ್ವರದ ಅವಸರವನ್ನು ಮಿದುಳು ಹೆಚ್ಚು ಚೆನ್ನಾಗಿ ಪತ್ತೆ ಹಚ್ಚುತ್ತದೆ. ಹೊತ್ತು ಕಾಯುವ ಕೆಲಸವನ್ನು ಅದು ಮಂದ್ರಕ್ಕೆ ಒಪ್ಪಿಸಿದಂತಿದೆ. 2022ರಲ್ಲಿ ಅಲ್ಲಿಯವರೇ ಎಲೆಕ್ಟ್ರಾನಿಕ್ ಸಂಗೀತ ಕಛೇರಿಯೊಂದರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಿವಿಗೆ ಕೇಳಿಸೀತೋ ಇಲ್ಲವೋ ಎನ್ನುವಷ್ಟು ತಗ್ಗಿನ, 8ರಿಂದ 37 ಹರ್ಟ್ಜ್‌ನ ಸ್ಪೀಕರ್‌ಗಳನ್ನು ಕೆಲವು ನಿಮಿಷಕ್ಕೊಮ್ಮೆ ಹಚ್ಚಿ ಆರಿಸಿದರು. ಹಚ್ಚಿದ್ದಾಗ ಜನರ ಮೈ ಸರಾಸರಿ 11.8 ಶೇಕಡಾ ಹೆಚ್ಚು ಆಡಿತು. ಯಾವಾಗ ಹಚ್ಚಿದ್ದು, ಯಾವಾಗ ಆರಿಸಿದ್ದು ಎಂದು ಕೇಳುಗರಿಗೆ ತಿಳಿಯುವುದೇ ಇಲ್ಲ ಎಂದು ಬೇರೊಂದು ಪರೀಕ್ಷೆ ತೋರಿಸಿತು. ಇಂಥ ಕಂಪನವನ್ನು ಚರ್ಮದ ಸ್ಪರ್ಶಗ್ರಾಹಿಗಳು, ಒಳಕಿವಿಯಲ್ಲಿ ನಮ್ಮ ಸಮತೋಲನ ನೋಡಿಕೊಳ್ಳುವ ಅಂಗಗಳು ಗ್ರಹಿಸುತ್ತವೆ ಎಂಬುದು ಈಗಿರುವ ವಿವರಣೆ.

ಹಾಗಾದರೆ ಹುಡುಗರು ಮೊದಲು ಈ ಹಳೆಯ ಸಂಗೀತಕ್ಕೆ ತಲುಪುವುದು ಹೇಗೆ? ಭಾಗಶಃ ಮನೆಯಿಂದಲೇ. ಅಮೆರಿಕದ ಕಾರ್ನೆಲ್‌ನಲ್ಲಿ 2013ರಲ್ಲಿ ಇಪ್ಪತ್ತರ ಆಸುಪಾಸಿನ 62 ಜನರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ಅವರದೇ ಕಾಲದ ಹಾಡುಗಳಿಗೆ ನೆನಪು, ಪ್ರೀತಿ ಹೆಚ್ಚಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಪ್ಪ ಅಮ್ಮ ಹರೆಯದಲ್ಲಿದ್ದ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇನ್ನೊಂದು ಉಬ್ಬು ಕಂಡಿತು, ಅರವತ್ತರ ದಶಕದಲ್ಲಿ ಮತ್ತೊಂದು ಸಣ್ಣದು. ಸ್ಟ್ರೀಮಿಂಗ್ ಆ್ಯಪ್‌ಗಳಂತೂ ಹಳೆಯದು ಹೊಸದೆನ್ನದೆ ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಇಟ್ಟಿವೆ. ಅಮೆರಿಕದ ಸಂಗೀತ ಉದ್ಯಮದ ಲೆಕ್ಕದಲ್ಲಿ ಜನ ಕೇಳುವುದರ ಬಹುಪಾಲು ಹಳೆಯದೇ ಎಂಬ ಸುದ್ದಿ ಆಗಾಗ ಬರುತ್ತದೆ. ಆ ಲೆಕ್ಕದಲ್ಲಿ 18 ತಿಂಗಳು ದಾಟಿದ್ದೆಲ್ಲ ಹಳೆಯದು ಎನ್ನುವುದನ್ನು ಮಾತ್ರ ಯಾರೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ! ಏನೇ ಆಗಲಿ, ಇವೆಲ್ಲ ಹಾಡು ಕಿವಿಗೆ ಬಿದ್ದದ್ದು ಹೇಗೆಂದು ಹೇಳುತ್ತವೆ. ರಾತ್ರಿಯಿಡೀ ಪೆಟ್ಟಿಗೆಯ ಮುಂದೆ ನಿಲ್ಲುವ ಹುಚ್ಚು ಹಿಡಿದದ್ದು ಹೇಗೆ ಎಂಬುದಕ್ಕೆ ಆ ಪೆಟ್ಟಿಗೆಯನ್ನೇ ಕೇಳಬೇಕು.

1948ರ ನಂತರ ಬ್ರಿಟನ್ನಿಗೆ ವಲಸೆ ಬಂದ ಜಮೈಕನ್ನರ ಜೊತೆ ಪೆಟ್ಟಿಗೆಯೂ ಸಮುದ್ರ ದಾಟಿತು. ಕರಿಯರನ್ನು ಒಳಗೆ ಬಿಡದ ಕ್ಲಬ್ಬುಗಳ ಊರಿನಲ್ಲಿ ಮನೆಯ ನೆಲಮಾಳಿಗೆಗಳೇ ನೃತ್ಯಶಾಲೆಗಳಾದವು. ಎತ್ತರದ ಶಬ್ದವನ್ನು ತಡೆದಷ್ಟು ಮಂದ್ರವನ್ನು ಗೋಡೆ ತಡೆಯುವುದಿಲ್ಲವಾದ್ದರಿಂದ ಪಕ್ಕದ ಮನೆಯವರಿಗೆ ಬೇಸ್ ಒಂದೇ ಕೇಳಿಸಿ, ಪೊಲೀಸರು ಬರುವುದೂ ನಡೆದೇ ಇತ್ತು. ಲಂಡನ್ನಿನ ಸೌಂಡ್ ಸಿಸ್ಟಮ್ ಒಡೆಯ ಜಾ ಶಾಕಾ ಒಂದೇ ಟರ್ನ್‌ಟೇಬಲ್ ಇಟ್ಟುಕೊಂಡು ದಶಕಗಟ್ಟಲೆ ರಾತ್ರಿಗಳನ್ನು ನಡೆಸಿದ. 2023ರಲ್ಲಿ ಆತ ತೀರಿಕೊಂಡಾಗ ಅವನಿಂದ ಕಲಿತ ಎರಡು ಮೂರು ತಲೆಮಾರುಗಳಿದ್ದವು. ಆ ವಲಸಿಗರ ಮಕ್ಕಳ ಕಾಲಕ್ಕೆ ಬಂದ ಜಂಗಲ್‌ನಲ್ಲಿ ಡ್ರಮ್ಮು ನಿಮಿಷಕ್ಕೆ 160 ಪೆಟ್ಟಿನ ಮೇಲೆ ಓಡುತ್ತದೆ, ಬೇಸ್ ಅದರ ಅರ್ಧ ವೇಗದಲ್ಲಿ, ರೆಗ್ಗೆಯ ನಡಿಗೆಯಲ್ಲೇ ಇರುತ್ತದೆ. ಕುಣಿಯುವವರು ತಮಗೆ ಬೇಕಾದ್ದನ್ನು ಹಿಡಿಯಬಹುದು.

ಹಳೆಯದು ಮರಳಿ ಸಿಗುವ ಬಗೆ ಕೆಲವೊಮ್ಮೆ ತೀರಾ ವಿಚಿತ್ರ. ಜಪಾನಿನ ರೋಲ್ಯಾಂಡ್ ಕಂಪನಿ ಎಂಬತ್ತರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಪುಟ್ಟ ಯಂತ್ರ ಮಾಡಿತು. ಬೇಸ್ ನುಡಿಸುವವರು ಇಲ್ಲದಾಗ ಪಕ್ಕವಾದ್ಯಕ್ಕಿರಲಿ ಎಂಬುದು ಉದ್ದೇಶ. ದನಿ ನಿಜವಾದ ಬೇಸಿನಂತೆ ಇರಲಿಲ್ಲ, ಮಾರಾಟ ನೆಲಕಚ್ಚಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಬಿದ್ದಿದ್ದ ಅದರ ಗುಬುಟುಗಳನ್ನು ಶಿಕಾಗೊದ ಹುಡುಗರು ಅಡ್ಡಾದಿಡ್ಡಿ ತಿರುಗಿಸಿದ್ದರಿಂದ 1987ರಲ್ಲಿ ಆಸಿಡ್ ಹೌಸ್ ಎಂಬ ಹೌಸ್ ಸಂಗೀತದ ಹೊಸ ಬಗೆ ಲೋಕಕ್ಕೆ ಬಂತು. ಆದರೆ ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ ಅದೇ ಯಂತ್ರವನ್ನೂ ಬಳಸಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಧ್ವನಿಮುದ್ರಿಕೆ ತಂದಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಟಿಬಿ-303ರಲ್ಲಿತ್ತು. ಮೀಂಡ್ ಬಲ್ಲವರು ಅದನ್ನು ಬಿಟ್ಟಾರೆ? ಆಗ ಯಾರೂ ಕೇಳದ ಆ ತಟ್ಟೆ ಡಚ್ ಸಂಗ್ರಾಹಕನೊಬ್ಬನ ಕೈಗೆ ಸಿಕ್ಕಿ 2010ರಲ್ಲಿ ಮರುಮುದ್ರಣವಾಯಿತು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನಲ್ಲಿ ಮೊಮ್ಮಕ್ಕಳ ವಯಸ್ಸಿನವರ ಮುಂದೆ ಕಲಾವತಿ, ಭೈರವ ನುಡಿಸಿದರು. 2015ರಲ್ಲಿ ತೀರಿಕೊಂಡರು.

ಈಗಿನ ಹೊಸಬರಲ್ಲಿ ಕೆಲವರು ಕೇಳುವುದಕ್ಕೆ ನಿಲ್ಲದೆ ಬಡಗಿ ಕೆಲಸಕ್ಕೂ ಇಳಿದಿದ್ದಾರೆ. ಪ್ಲೈವುಡ್ ಕೊಯ್ದು ‘ಸ್ಕೂಪ್’ ಎಂಬ ಬೇಸ್ ಪೆಟ್ಟಿಗೆ ಕಟ್ಟುತ್ತಾರೆ. 18 ಇಂಚಿನ ಸ್ಪೀಕರಿನ ಹಿಂದಿನ ಗಾಳಿ ಬಾಗಿದ ಕೊಳವೆಯಂಥ ದಾರಿಯಲ್ಲಿ ಸಾಗಿ, ಅಗಲವಾಗುತ್ತ, ಮುಂದಿನ ಬಾಯಿಂದ ಹೊರಬರುತ್ತದೆ. 40 ಹರ್ಟ್ಜ್‌ನ ಅಲೆಯ ಕಾಲುಭಾಗ ಅಂದರೂ 2 ಮೀಟರ್ ದಾಟುತ್ತದೆ. ಅಷ್ಟು ಉದ್ದದ ದಾರಿಯನ್ನು ಆಳೆತ್ತರವೂ ಇಲ್ಲದ ಪೆಟ್ಟಿಗೆಯಲ್ಲಿ ಮಡಚಿಡುವುದೇ ಇಲ್ಲಿನ ಜಾಣತನ. ಇಂಥ ಪೆಟ್ಟಿಗೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರ ಕಿವಿಗೆ ಅಪಾಯವಿದೆ. ಸಂಗೀತದ ತಾಣಗಳಲ್ಲಿ ಶಬ್ದದ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಿತಿ ಸೂಚಿಸಿದೆ. ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಂಡರೆ ಮಜಾ ಕೆಡುತ್ತದೆ ಎಂದು ಹಿಂಜರಿಯಬೇಕಿಲ್ಲ. ಅದು ಮುಖ್ಯವಾಗಿ ತಡೆಯುವುದು ಎತ್ತರದ ಶಬ್ದಗಳನ್ನು, ಬೇಸ್ ಹೇಗಿದ್ದರೂ ಎದೆಯಿಂದ, ಅಂಗಾಲಿನಿಂದ ಒಳಗೆ ಬರುತ್ತದೆ.