ಗವರ್ನರ್ ಬರಲೇ ಇಲ್ಲ: ಟ್ರಿಯೆಸ್ಟೆ ಬಂದರಿನ ಹಳೆಯ ಕಗ್ಗಂಟು

ನನ್ನ ಸ್ಟ್ಯಾಂಪ್ ಆಲ್ಬಂನ ಇಟಲಿ ಪುಟದಲ್ಲಿ ಒಂದು ಸಣ್ಣ ಚೀಟಿ ಇದೆ. ಕೆಲಸದಲ್ಲಿ ಮುಳುಗಿದ ಕೂಲಿಕಾರನ ಚಿತ್ರ, ಮೂಲೆಯಲ್ಲಿ ಲಿರಾ ಬೆಲೆ, ಎಲ್ಲವೂ ಇಟಲಿಯದೇ. ಅದರ ಮೇಲೆ ಮಾತ್ರ ಆಮೇಲೆ ನೆನಪಾಗಿ ಒತ್ತಿದ ಹಾಗೆ ಕಪ್ಪು ಶಾಯಿಯಲ್ಲಿ ‘ಎಎಂಜಿ-ಎಫ್‌ಟಿಟಿ’ ಅಂತ ಇದೆ. ಹುಡುಗನಾಗಿದ್ದಾಗ ಇದು ಮುದ್ರಣದ ತಪ್ಪು, ಮುಂದೆ ಒಳ್ಳೆ ಬೆಲೆ ಬರುತ್ತದೆ ಅಂದುಕೊಂಡು ಜೋಪಾನ ಮಾಡಿದ್ದೆ. ಬೆಲೆಯೇನೂ ಬರಲಿಲ್ಲ. ಆ ಅಕ್ಷರಗಳ ಅರ್ಥ ‘ಮಿತ್ರಪಡೆಗಳ ಸೈನಿಕ ಸರ್ಕಾರ, ಟ್ರಿಯೆಸ್ಟೆ ಮುಕ್ತ ಪ್ರದೇಶ’ ಅಂತ ಬಹಳ ವರ್ಷಗಳ ಮೇಲೆ ಗೊತ್ತಾಯಿತು.

ಈಗ ಟ್ರಿಯೆಸ್ಟೆ ಹೆಸರು ನಮ್ಮ ಪತ್ರಿಕೆಗಳಲ್ಲೂ ಕಾಣಿಸುತ್ತಿದೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ20 ಸಭೆಯಲ್ಲಿ ಭಾರತ-ಮಧ್ಯಪ್ರಾಚ್ಯ-ಯುರೋಪ್ ಕಾರಿಡಾರ್, ಅಂದರೆ ಸರಕು ಸಾಗಿಸುವ ಹಡಗು-ರೈಲು ದಾರಿಯ ಘೋಷಣೆ ಆಯಿತಲ್ಲ, ಅದರ ಯುರೋಪ್ ಕಡೆಯ ಬಾಗಿಲು ಯಾವುದು ಅನ್ನುವ ಪ್ರಶ್ನೆ ಬಂದಾಗಲೆಲ್ಲ ಫ್ರಾನ್ಸಿನ ಮಾರ್ಸೇ, ಗ್ರೀಸಿನ ಪಿರೇಯಸ್ ಬಂದರುಗಳ ಜೊತೆಗೆ ಈ ಹೆಸರೂ ಬರುತ್ತದೆ. ಹುಡುಕಲು ಹೋದರೆ ತಲೆ ಕೆಡುತ್ತದೆ. ಇಟಲಿಯ ಊರು ಅಂತಾರೆ, ಇಟಲಿಯದಲ್ಲ ಅನ್ನುವವರೂ ಅಲ್ಲೇ ಇದ್ದಾರೆ. ‘ಅಮೆರಿಕ, ಬ್ರಿಟನ್, ವಾಪಸ್ ಬನ್ನಿ’ ಅಂತ ಬ್ಯಾನರ್ ಹಿಡಿದವರನ್ನೂ ಅಲ್ಲಿ ನೋಡಬಹುದು. ಅಮೆರಿಕನ್ನರನ್ನು ವಾಪಸ್ ಕರೆಯುವ ಚಳವಳಿ ಬೇರೆಲ್ಲಿದೆಯೋ ನನಗಂತೂ ಗೊತ್ತಿಲ್ಲ.

ಮೊದಲು ನಕ್ಷೆ ನೋಡಿ. ಇಟಲಿಯ ಬೂಟಿಗೂ ಬಾಲ್ಕನ್‌ಗೂ ನಡುವೆ ಏಡ್ರಿಯಾಟಿಕ್ ಸಮುದ್ರ ಉದ್ದಕ್ಕೆ ಮೇಲೆ ಹೋಗುತ್ತದೆ. ಅದರ ಮೇಲಿನ ತುದಿಯ ಬಲಮೂಲೆಯಲ್ಲಿ ಟ್ರಿಯೆಸ್ಟೆ ಇದೆ. ಮೆಡಿಟರೇನಿಯನ್ನಿನ ಹಡಗು ಯುರೋಪಿನ ಹೊಟ್ಟೆಯೊಳಗೆ ಇದಕ್ಕಿಂತ ಜಾಸ್ತಿ ದೂರ ನುಗ್ಗುವುದು ಕಷ್ಟ. ನೀರು 18 ಮೀಟರ್‌ವರೆಗೂ ಆಳ. ಊರಿನ ಬೆನ್ನಿಗೇ ಕಾರ್ಸ್ಟ್ ಅನ್ನುವ ಸುಣ್ಣಕಲ್ಲಿನ ಗುಡ್ಡ. ಅಲ್ಲಿಂದ ಚಳಿಗಾಲದಲ್ಲಿ ‘ಬೋರಾ’ ಅನ್ನುವ ಗಾಳಿ ಇಳಿದರೆ ನಿಲ್ಲಲಾಗುವುದಿಲ್ಲ, ಹಿಡಿದುಕೊಂಡು ನಡೆಯಲಿ ಅಂತ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರು. ಗುಡ್ಡ ದಾಟಿದರೆ ವಿಯೆನ್ನಾ, ಮ್ಯೂನಿಕ್, ಬುಡಾಪೆಸ್ಟ್ ದಾರಿ. ಅಂದರೆ ಈ ಬಂದರಿಗೆ ಬೆಲೆ ಬರುವುದು ಬೆನ್ನ ಹಿಂದಿನ ಸೀಮೆಯಿಂದ. ಊರು ಚೆನ್ನಾಗಿದ್ದದ್ದು ಗಡಿ ದೂರ ಇದ್ದಾಗ, ಗಡಿ ಹತ್ತಿರ ಬಂದಾಗಲೆಲ್ಲ ಸೊರಗಿದೆ.

ಹಳೆಯದನ್ನು ಬೇಗ ಮುಗಿಸೋಣ. ರೋಮನ್ನರ ಕಾಲದಲ್ಲಿ ಇದು ತೆರ್ಗೆಸ್ತೆ. ಆಮೇಲೆ ಪಕ್ಕದ ವೆನಿಸ್‌ನ ಕಾಟ ತಡೆಯಲಾಗದೆ 1382ರಲ್ಲಿ ಊರಿನವರೇ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಯ ಆಶ್ರಯ ಕೇಳಿದರು. ಮುಂದಿನ ಐನೂರು ಚಿಲ್ಲರೆ ವರ್ಷ, ನೆಪೋಲಿಯನ್ ಸೈನ್ಯ ಮೂರು ಸಲ ಬಂದು ಹೋದದ್ದು ಬಿಟ್ಟರೆ, ಊರು ಆಸ್ಟ್ರಿಯಾದ್ದು. 1719ರಲ್ಲಿ ಚಕ್ರವರ್ತಿ ಆರನೇ ಚಾರ್ಲ್ಸ್ ಇದನ್ನು ಮುಕ್ತ ಬಂದರು ಅಂತ ಸಾರಿದ. ಸುಂಕ ಕಟ್ಟದೆ ಸರಕು ಇಳಿಸಿ, ಇಟ್ಟುಕೊಂಡು, ಮತ್ತೆ ಹತ್ತಿಸಿ ಕಳಿಸಬಹುದು. ಕೆಲವೇ ಸಾವಿರ ಜನರ ಊರಿಗೆ ಗ್ರೀಕರು, ಸೆರ್ಬರು, ಯಹೂದಿಗಳು, ಜರ್ಮನರು ಬಂದು ಸೇರಿದರು. ಅವನ ಮಗಳು ಮರಿಯಾ ತೆರೇಸಾ ಕಾಲದಲ್ಲಿ ಉಪ್ಪಿನ ಗದ್ದೆ ಮುಚ್ಚಿಸಿ ಹೊಸ ಪೇಟೆ ಕಟ್ಟಿದರು. ಆ ಪೇಟೆಗೆ ಇವತ್ತಿಗೂ ಅವಳದೇ ಹೆಸರು.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದಿಂದ ಓಡಿಸಿದ್ದ ವಿಲಿಯಂ ಬೋಲ್ಟ್ಸ್ ಅನ್ನುವವನು ಮರಿಯಾ ತೆರೇಸಾಳ ಸನ್ನದು ಹಿಡಿದು ಆಸ್ಟ್ರಿಯಾದ ಬಾವುಟದ ಹಡಗಿನಲ್ಲಿ ಮಲಬಾರಿಗೆ ಬಂದ. ಶ್ರೀರಂಗಪಟ್ಟಣದಲ್ಲಿ ಹೈದರಾಲಿಯನ್ನು ಕಂಡು ಮಂಗಳೂರು, ಕಾರವಾರಗಳಲ್ಲಿ ಕೋಠಿ ಹಾಕಲು ಅಪ್ಪಣೆ ಪಡೆದ. ಟ್ರಿಯೆಸ್ಟೆ ಹೆಸರಿನಲ್ಲೇ ಒಂದು ಏಷ್ಯಾ ವ್ಯಾಪಾರದ ಕಂಪನಿಯೂ ಎದ್ದಿತು, 1785ರಲ್ಲಿ ದಿವಾಳಿಯೂ ಆಯಿತು. ಕಾರಿಡಾರ್ ಹೊಸದಿರಬಹುದು, ಆಸೆ ಹಳೆಯದೇ.

1857ರಲ್ಲಿ ವಿಯೆನ್ನಾ ರೈಲು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಆಸ್ಟ್ರಿಯನ್ ಲಾಯ್ಡ್ ಹಡಗುಗಳು ಇಲ್ಲಿಂದ ಮುಂಬೈಗೆ ಓಡಾಡತೊಡಗಿದವು. ಆಡಳಿತವೂ ವಿಶೇಷವಾಗಿತ್ತು. ಊರೇ ಒಂದು ಪ್ರಾಂತ್ಯ, ನಗರಸಭೆಯೇ ಪ್ರಾಂತ್ಯದ ಶಾಸನಸಭೆ, ಮೇಲೆ ಚಕ್ರವರ್ತಿಯ ಪ್ರತಿನಿಧಿ. 1910ರ ಜನಗಣತಿ ಹೊತ್ತಿಗೆ ಸುಮಾರು 2.3 ಲಕ್ಷ ಜನ. ಅರ್ಧಕ್ಕಿಂತ ತುಸು ಜಾಸ್ತಿ ಇಟಾಲಿಯನ್ ಮಾತಾಡುವವರು, ಕಾಲು ಭಾಗದಷ್ಟು ಸ್ಲೊವೇನರು. ಈಗ ಸ್ಲೊವೇನಿಯಾದ ರಾಜಧಾನಿಯಾಗಿರುವ ಲ್ಯುಬ್ಲಿಯಾನಾಕ್ಕಿಂತ ಇಲ್ಲೇ ಸ್ಲೊವೇನರು ಜಾಸ್ತಿ ಇದ್ದರು. ಎಲ್ಲ ಕೂಡಿ ಬಾಳಿದ ಸ್ವರ್ಗ ಅಂತ ಈಗ ಹೇಳುವುದುಂಟು. ಆ ಜನಗಣತಿಯನ್ನೇ ನಗರಸಭೆಯವರು ತಿದ್ದಿದ್ದಾರೆ ಅಂತ ಮತ್ತೆ ಎಣಿಸಬೇಕಾಯಿತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

1915ರಲ್ಲಿ ಲಂಡನ್ನಿನಲ್ಲಿ ಒಂದು ಗುಟ್ಟಿನ ಒಪ್ಪಂದ ಆಯಿತು. ಯುದ್ಧದಲ್ಲಿ ನಮ್ಮ ಕಡೆ ಬಂದರೆ ಟ್ರಿಯೆಸ್ಟೆ ನಿಮಗೆ ಅಂತ ಬ್ರಿಟನ್, ಫ್ರಾನ್ಸ್, ರಷ್ಯಾ ಸೇರಿ ಇಟಲಿಗೆ ಮಾತು ಕೊಟ್ಟವು. 1918ರ ನವೆಂಬರ್ 3ರಂದು ‘ಆಡಾಚೆ’ ಅನ್ನುವ ಯುದ್ಧನೌಕೆ ಬಂದು ಕಟ್ಟೆಗೆ ತಾಗಿತು. ಆ ಕಟ್ಟೆಗೆ ಈಗಲೂ ಅದೇ ಹೆಸರು. ಸಂಜೆ ಜನ ವಾಕಿಂಗ್ ಹೋಗುತ್ತಾರೆ. ಇಟಲಿಗೆ ಸೇರಿದ ಸಂಭ್ರಮ ಅನೇಕರಿಗೆ ನಿಜಕ್ಕೂ ಇತ್ತು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಬಂದರಿನ ಲೆಕ್ಕ ಬೇರೆ. ಆಸ್ಟ್ರಿಯಾಕ್ಕೆ ಇದು ಮುಖ್ಯ ಬಂದರು. ಜಿನೋವಾ, ವೆನಿಸ್, ನೇಪಲ್ಸ್ ಎಲ್ಲ ಇದ್ದ ಇಟಲಿಗೆ ಇದು ಇನ್ನೊಂದು ಬಂದರು.

ಮುಂದಿನದು ಕೆಟ್ಟ ಕಾಲ. 1920ರ ಜುಲೈ 13ರಂದು ಸ್ಲೊವೇನರ ಸಮುದಾಯ ಭವನ ‘ನರೋದ್ನಿ ದೋಮ್’ ಸುಟ್ಟುಹೋಯಿತು. ಫ್ಯಾಸಿಸ್ಟ್ ಆಡಳಿತದಲ್ಲಿ ಸ್ಲೊವೇನ್ ಶಾಲೆಗಳು ಮುಚ್ಚಿದವು, ಮನೆತನದ ಹೆಸರುಗಳನ್ನೂ ಇಟಾಲಿಯನ್ ಮಾಡಿಸಿದರು. 1938ರಲ್ಲಿ ಯಹೂದಿಗಳ ವಿರುದ್ಧದ ಕಾನೂನುಗಳ ಘೋಷಣೆ ಆದದ್ದು ಇದೇ ಊರಿನ ದೊಡ್ಡ ಚೌಕದಲ್ಲಿ. 1943ರಲ್ಲಿ ಜರ್ಮನ್ ಸೈನ್ಯ ಬಂತು. ಸಾನ್ ಸಬ್ಬಾದ ಅಕ್ಕಿ ಗಿರಣಿಯನ್ನು ಹೆಣ ಸುಡುವ ಒಲೆ ಇದ್ದ ಸೆರೆ ಶಿಬಿರ ಮಾಡಿದರು.

ಈಗ ನನ್ನ ಸ್ಟ್ಯಾಂಪಿನ ಕಾಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ಇವತ್ತಿನ ಎಲ್ಲ ಜಗಳದ ಬೇರು ಇರುವುದು ಈ ಒಂಬತ್ತು ವರ್ಷದಲ್ಲಿ.

1945ರ ಮೇ 1ರಂದು ಟಿಟೋನ ಯುಗೋಸ್ಲಾವ್ ಪಡೆ ಊರಿಗೆ ನುಗ್ಗಿತು. ಮಾರನೇ ದಿನವೇ ನ್ಯೂಜಿಲೆಂಡ್ ಪಡೆ ಬಂತು. ಒಂದೇ ಕಡೆಯಿಂದ ಯುದ್ಧ ಮಾಡಿದ ಎರಡು ಸೈನ್ಯ, ಒಂದೇ ಊರು, ಇಬ್ಬರಿಗೂ ಬೇಕು. ನಲವತ್ತು ದಿನ ಯುಗೋಸ್ಲಾವ್ ಆಡಳಿತ ನಡೆಯಿತು. ಆ ದಿನಗಳಲ್ಲಿ ಅನೇಕರನ್ನು ಹಿಡಿದುಕೊಂಡು ಹೋದರು, ಎಷ್ಟೋ ಜನ ವಾಪಸ್ ಬರಲಿಲ್ಲ. ಕಾರ್ಸ್ಟ್ ಗುಡ್ಡದ ಆಳವಾದ ಬಿರುಕುಗಳಿಗೆ ‘ಫೋಯ್ಬೆ’ ಅನ್ನುತ್ತಾರೆ. ಆ ಪದ ಇವತ್ತಿಗೂ ಆ ಸಾವುಗಳ ಹೆಸರಾಗಿ ಉಳಿದಿದೆ. ಅದಕ್ಕೆ ಮುಂಚಿನ ಇಪ್ಪತ್ತೈದು ವರ್ಷ ಸ್ಲೊವೇನರಿಗೆ ಏನಾಯಿತು ಅಂತ ಒಬ್ಬರು ಕೇಳುತ್ತಾರೆ, ಆ ನಲವತ್ತು ದಿನ ಏನಾಯಿತು ಅಂತ ಇನ್ನೊಬ್ಬರು. ಎರಡನ್ನೂ ಒಟ್ಟಿಗೆ ಕೇಳುವವರು ಕಡಿಮೆ.

ಜೂನ್‌ನಲ್ಲಿ ಒಂದು ಗೆರೆ ಎಳೆದರು. ಯುಗೋಸ್ಲಾವರು ಅದರ ಆಚೆ ಸರಿದರು, ಊರು ಬ್ರಿಟಿಷರ ಮತ್ತು ಅಮೆರಿಕನ್ನರ ಕೈಗೆ ಬಂತು. 1947ರ ಪ್ಯಾರಿಸ್ ಒಪ್ಪಂದದಲ್ಲಿ ಇದಕ್ಕೊಂದು ಪರಿಹಾರ ಬರೆದರು. ಇಟಲಿಗೂ ಬೇಡ, ಯುಗೋಸ್ಲಾವಿಯಾಕ್ಕೂ ಬೇಡ, ಟ್ರಿಯೆಸ್ಟೆ ಒಂದು ಸ್ವತಂತ್ರ ಪ್ರದೇಶ ಆಗಲಿ. ಕಾಗದದ ಮೇಲೆ ಏನು ಚೆಂದ! ಸೈನ್ಯ ಇಲ್ಲದ ತಟಸ್ಥ ನಾಡು, ಇಟಾಲಿಯನ್ ಮತ್ತು ಸ್ಲೊವೇನ್ ಎರಡೂ ಅಧಿಕೃತ ಭಾಷೆ, ತನ್ನದೇ ಪೌರತ್ವ, ಊರಿನ ಹಳೆಯ ಬಾವುಟ. ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನೇಮಿಸುವ ಗವರ್ನರ್, ಐದು ವರ್ಷದ ಅವಧಿ. ಅವನು ಇಟಲಿಯವನಾಗಿರಬಾರದು, ಯುಗೋಸ್ಲಾವನಾಗಿರಬಾರದು, ಊರಿನವನೂ ಆಗಿರಬಾರದು. ಸಂಬಳ ವಿಶ್ವಸಂಸ್ಥೆಯದು. 1947ರ ಸೆಪ್ಟೆಂಬರ್ 15ರಂದು ಇದೆಲ್ಲ ಜಾರಿಗೆ ಬಂತು.

ಗವರ್ನರ್ ಮಾತ್ರ ಬರಲಿಲ್ಲ. ಪಶ್ಚಿಮದವರು ಹೇಳಿದ ಹೆಸರನ್ನು ಸೋವಿಯತ್ ಕಡೆಯವರು ಒಪ್ಪಲಿಲ್ಲ, ಅವರು ಹೇಳಿದ್ದನ್ನು ಪಶ್ಚಿಮದವರು ಒಪ್ಪಲಿಲ್ಲ. ಅಲ್ಲಿವರೆಗೆ ಅಂತ ಮಾಡಿದ್ದ ತಾತ್ಕಾಲಿಕ ವ್ಯವಸ್ಥೆಯೇ ಮುಂದುವರಿಯಿತು. ಎ ವಲಯ, ಅಂದರೆ ಊರು ಮತ್ತು ಬಂದರು, ಬ್ರಿಟಿಷ್-ಅಮೆರಿಕನ್ ಸೈನ್ಯದ ಕೈಯಲ್ಲಿ. ತಲಾ 5,000 ಯೋಧರು. ದಕ್ಷಿಣದ ಬಿ ವಲಯ ಯುಗೋಸ್ಲಾವ್ ಸೈನ್ಯದ ಕೈಯಲ್ಲಿ, ಅಲ್ಲಿಗೂ ಬೇರೆ ಸ್ಟ್ಯಾಂಪು. ಎ ವಲಯದಲ್ಲಿ ಖರ್ಚಿಗೆ ಇಟಲಿಯ ಲಿರಾ, ಕಾಗದಕ್ಕೆ ಇಟಲಿಯ ಸ್ಟ್ಯಾಂಪಿನ ಮೇಲೆ ಮುದ್ರೆ, ಆಡಳಿತಕ್ಕೆ ಬ್ರಿಟಿಷ್ ಜನರಲ್. ಬಿಳಿ ಹೆಲ್ಮೆಟ್ ಹಾಕಿದ ಪೊಲೀಸರನ್ನು ಊರಿನವರು ‘ಚೆರೀನಿ’ ಅನ್ನುತ್ತಿದ್ದರು, ಅಂದರೆ ಬೆಂಕಿಕಡ್ಡಿಗಳು. ಹತ್ತು ಸಾವಿರ ಸೈನಿಕರ ಸಂಬಳ ಊರಿನ ಅಂಗಡಿ, ಬಾರುಗಳಲ್ಲಿ ಓಡಾಡುತ್ತಿತ್ತು. ಆ ಕಾಲ ನೆನೆದು ಈಗಲೂ ನಿಟ್ಟುಸಿರು ಬಿಡುವವರಿದ್ದರೆ ಕಾರಣ ಬರೀ ರಾಜಕೀಯ ಅಲ್ಲ.

1948ರ ಮಾರ್ಚ್‌ನಲ್ಲಿ, ಇಟಲಿಯ ಚುನಾವಣೆಗೆ ಒಂದು ತಿಂಗಳು ಇರುವಾಗ, ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ಸೇರಿ ಇಡೀ ಪ್ರದೇಶ ಇಟಲಿಗೇ ಹೋಗಲಿ ಅಂದವು. ಚುನಾವಣೆ ಮುಗಿಯಿತು. ಜೂನ್‌ನಲ್ಲಿ ಟಿಟೋಗೂ ಸ್ಟಾಲಿನ್‌ಗೂ ಜಗಳ ಆಯಿತು. ಈಗ ಟಿಟೋ ಪಶ್ಚಿಮದವರಿಗೆ ಬೇಕಾದವನು, ಅವನ ಮನಸ್ಸು ನೋಯಿಸುವ ಹಾಗಿಲ್ಲ. ಮಾರ್ಚ್ ತಿಂಗಳ ಮಾತು ಹಾಗೇ ಗಾಳಿಗೆ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಕೂಸನ್ನು ಜಗಳ ಆದಾಗಲೂ ಮರೆತರು, ರಾಜಿ ಆದಾಗಲೂ ಮರೆತರು.

1953ರ ಅಕ್ಟೋಬರಿನಲ್ಲಿ ಎ ವಲಯ ಇಟಲಿಗೆ ಕೊಡುತ್ತೇವೆ ಅಂತ ಘೋಷಿಸಿದರು, ಯುಗೋಸ್ಲಾವಿಯಾ ಸಿಟ್ಟಿಗೆದ್ದ ಮೇಲೆ ತಡೆಹಿಡಿದರು. ನವೆಂಬರ್ 5 ಮತ್ತು 6ರಂದು ಊರಿನಲ್ಲಿ ಇಟಲಿ ಪರ ಗಲಭೆ, ಪೊಲೀಸ್ ಗುಂಡಿಗೆ 6 ಜನ ಸತ್ತರು. ಆಮೇಲೆ ಲಂಡನ್ನಿನಲ್ಲಿ ತಿಂಗಳುಗಟ್ಟಲೆ ಗುಟ್ಟಿನ ಮಾತುಕತೆ ನಡೆದು, 1954ರ ಅಕ್ಟೋಬರ್ 5ರಂದು ಎ ವಲಯ ಇಟಲಿಗೆ, ಬಿ ವಲಯ ಯುಗೋಸ್ಲಾವಿಯಾಕ್ಕೆ ಅಂತ ಬರೆದು ಸಹಿ ಹಾಕಿದರು. ಆ ಕಾಗದಕ್ಕೆ ಒಪ್ಪಂದ ಅಂತ ಹೆಸರಿಡಲಿಲ್ಲ, ‘ಮೆಮೊರಾಂಡಂ’ ಅಂದರು. ಸಾರ್ವಭೌಮತ್ವ ಅನ್ನುವ ಮಾತು ತಪ್ಪಿಸಿ ‘ನಾಗರಿಕ ಆಡಳಿತ’ ಅಂತ ಬರೆದರು. ಯಾವ ಸಂಸತ್ತಿನಲ್ಲೂ ಗಲಾಟೆ ಆಗದಿರಲಿ ಅಂತ ಮಾಡಿದ ಜಾಣತನ ಅದು. ಈಗ ನಮ್ಮ ಊರು ಇಟಲಿಯದಲ್ಲ, ಇಟಲಿ ಬರೀ ನೋಡಿಕೊಳ್ಳುತ್ತಿದೆ, ನಾವ್ಯಾಕೆ ತೆರಿಗೆ ಕಟ್ಟಬೇಕು ಅಂತ ಕೋರ್ಟಿಗೆ ಹೋಗುವವರು ಹಿಡಿದುಕೊಂಡಿರುವುದು ಆ ಎರಡು ಪದಗಳನ್ನೇ. ಕೋರ್ಟುಗಳು ಒಪ್ಪಿಲ್ಲ. 1975ರ ಓಸಿಮೋ ಒಪ್ಪಂದದಲ್ಲಿ ಎರಡೂ ದೇಶ ಗಡಿಯನ್ನು ಪಕ್ಕಾ ಮಾಡಿಕೊಂಡವು. ಊರಿಗೆ ಅದೂ ಹಿಡಿಸಲಿಲ್ಲ. 1978ರ ಚುನಾವಣೆಯಲ್ಲಿ ರಾಷ್ಟ್ರೀಯ ಪಕ್ಷಗಳನ್ನು ಬದಿಗಿಟ್ಟು ‘ಲಿಸ್ಟಾ ಪೆರ್ ಟ್ರಿಯೆಸ್ಟೆ’ ಅನ್ನುವ ಊರಿನ ಪಕ್ಷವನ್ನೇ ಗೆಲ್ಲಿಸಿದರು.

ಮಧ್ಯದ ವರ್ಷಗಳಲ್ಲಿ ಸಾವಿರಾರು ಜನ ಆಸ್ಟ್ರೇಲಿಯಾದ ಹಡಗು ಹತ್ತಿದರು. 1963ರಲ್ಲಿ ವಿಶೇಷ ಸ್ವಾಯತ್ತತೆ ಇರುವ ಫ್ರಿಯುಲಿ-ವೆನೆಜಿಯಾ ಜುಲಿಯಾ ಪ್ರಾಂತ್ಯ ಮಾಡಿ ಟ್ರಿಯೆಸ್ಟೆಯನ್ನು ಅದರ ರಾಜಧಾನಿ ಮಾಡಿದರು. 1964ರಲ್ಲಿ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಇಲ್ಲಿ ಭೌತಶಾಸ್ತ್ರ ಕೇಂದ್ರ ಶುರು ಮಾಡಿದರು. ನಮ್ಮ ಎಷ್ಟೋ ವಿಜ್ಞಾನಿಗಳಿಗೆ ಈ ಊರು ಗೊತ್ತಿರುವುದು ಹಾಗೆ. ಎಪ್ಪತ್ತರ ದಶಕದಲ್ಲಿ ಯುಗೋಸ್ಲಾವರು ಬಸ್ಸುಗಟ್ಟಲೆ ಬಂದು ಪೊಂತೆರೋಸ್ಸೋ ಸಂತೆಯಲ್ಲಿ ಜೀನ್ಸ್, ಕಾಫಿಪುಡಿ ಕೊಂಡು ಹೋಗುತ್ತಿದ್ದರು. ಒಪ್ಪಂದಗಳು ಮಾಡದ ಕೆಲಸವನ್ನು ಆ ಜೀನ್ಸ್ ಪ್ಯಾಂಟುಗಳು ಸ್ವಲ್ಪ ಮಟ್ಟಿಗೆ ಮಾಡಿದವು ಅಂತ ನನಗನ್ನಿಸುತ್ತದೆ.

ಇನ್ನು ಬಂದರು. ಗವರ್ನರ್ ಬರದಿದ್ದರೂ ಪ್ಯಾರಿಸ್ ಒಪ್ಪಂದದ ಎಂಟನೇ ಅನುಬಂಧ ಬದುಕಿ ಉಳಿಯಿತು. ಅದು ಮುಕ್ತ ಬಂದರಿನ ಅನುಬಂಧ. ಅದನ್ನು ಪಾಲಿಸುತ್ತೇವೆ ಅಂತ ಇಟಲಿ 1954ರಲ್ಲೂ ಮಾತು ಕೊಟ್ಟಿದೆ. ಹಾಗಾಗಿ ಯುರೋಪಿಯನ್ ಒಕ್ಕೂಟದ ಒಳಗೇ ಇದ್ದರೂ ಇಲ್ಲಿನ ಮುಕ್ತ ವಲಯದಲ್ಲಿ ಹೊರದೇಶದ ಸರಕನ್ನು ಸುಂಕ ಕಟ್ಟದೆ ಎಷ್ಟು ದಿನ ಬೇಕಾದರೂ ಇಡಬಹುದು. ಕಾಫಿ ವ್ಯಾಪಾರಿಗಳಿಗೆ ಇದು ದೊಡ್ಡ ಅನುಕೂಲ. ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿಗೆ ದೊಡ್ಡ ಗಿರಾಕಿ ಇಟಲಿ, ಇಟಲಿಯಲ್ಲಿ ಹಸಿ ಕಾಫಿಬೀಜ ಇಳಿಯುವ ದೊಡ್ಡ ಬಂದರು ಇದು. ಅಲ್ಲಿ ಹೋಟೆಲಿನಲ್ಲಿ ‘ನೇರೋ’ ಅಂದರೆ ಎಸ್ಪ್ರೆಸೋ, ‘ಕಾಪೋ’ ಅಂದರೆ ಸ್ವಲ್ಪ ಹಾಲು ಹಾಕಿದ್ದು.

ಕಾಫಿಗಿಂತ ದೊಡ್ಡದು ತೈಲ. ಇಲ್ಲಿಂದ ಆಲ್ಪ್ಸ್ ದಾಟಿ ಜರ್ಮನಿಯ ಇಂಗೊಲ್‌ಸ್ಟಾಟ್‌ವರೆಗೆ 1967ರಿಂದ ಪೈಪ್‌ಲೈನ್ ಇದೆ. ಆಸ್ಟ್ರಿಯಾ, ದಕ್ಷಿಣ ಜರ್ಮನಿ ಅದನ್ನೇ ನಂಬಿವೆ. 2025ರಲ್ಲಿ ಚೆಕ್ ದೇಶ ರಷ್ಯಾದ ತೈಲ ಬಿಟ್ಟದ್ದೂ ಇದೇ ಪೈಪಿನ ಧೈರ್ಯದ ಮೇಲೆ. ಟರ್ಕಿಯ ಲಾರಿಗಳು ಫೆರಿಯಲ್ಲಿ ಬಂದಿಳಿದು ಜರ್ಮನಿ ಕಡೆ ಹೋಗುತ್ತವೆ. ಅಂದರೆ ಹಳೆಯ ಹಿನ್ನಾಡು ಮತ್ತೆ ಸಿಕ್ಕಿದೆ. ಪಕ್ಕದಲ್ಲೇ, ಯುಗೋಸ್ಲಾವಿಯಾ ಒಡೆದು ಬೇರೆ ದೇಶವಾದ ಸ್ಲೊವೇನಿಯಾದ ಕೋಪರ್ ಬಂದರು ಪೈಪೋಟಿಗೆ ನಿಂತಿದೆ ಅನ್ನುವುದು ಬೇರೆ ಮಾತು.

ಹೀಗಿರುವಾಗ ಎಲ್ಲರ ಕಣ್ಣೂ ಇದರ ಮೇಲೆ. 2019ರಲ್ಲಿ ಇಟಲಿ ಚೀನಾದ ಬೆಲ್ಟ್ ಅಂಡ್ ರೋಡ್ ಯೋಜನೆಗೆ ಸಹಿ ಹಾಕಿತು, ಟ್ರಿಯೆಸ್ಟೆ ಅದರ ಮುಖ ಅಂತ ಸುದ್ದಿಯಾಯಿತು, ದೊಡ್ಡದೇನೂ ಆಗಲಿಲ್ಲ. 2021ರಲ್ಲಿ ಹ್ಯಾಂಬರ್ಗ್ ಬಂದರಿನ ಕಂಪನಿ ಇಲ್ಲಿನ ಒಂದು ಟರ್ಮಿನಲ್ಲಿನಲ್ಲಿ ದೊಡ್ಡ ಪಾಲು ಕೊಂಡಿತು. 2023ರ ಕೊನೆಗೆ ಇಟಲಿ ಚೀನಾದ ಯೋಜನೆಯಿಂದ ಹೊರಬಂತು, ಅಷ್ಟರಲ್ಲಿ ದೆಹಲಿಯ ಕಾರಿಡಾರ್ ಬಂದಿತ್ತು. ಊರಿನ ಹೆಸರು ಒಂದು ನಕ್ಷೆಯಿಂದ ಇನ್ನೊಂದು ನಕ್ಷೆಗೆ ಹಾರಿತು. ಊರನ್ನು ಕೇಳಿದರಾ ಅಂದರೆ, ಕೇಳಬೇಕಾದದ್ದು ಯಾರನ್ನು ಅನ್ನುವುದೇ ಸ್ಪಷ್ಟ ಇಲ್ಲ. ಬಂದರು ಪ್ರಾಧಿಕಾರ ರೋಮ್‌ನ ಸಚಿವಾಲಯದ ಕೆಳಗೆ, ಹಳೆ ಬಂದರಿನ ಪಾಳು ಗೋದಾಮುಗಳು ನಗರಸಭೆಯ ಕೈಗೆ, ಸುಂಕದ ನಿಯಮ ಬ್ರಸೆಲ್ಸ್‌ನದು, ಮುಕ್ತ ಬಂದರಿನ ಹಕ್ಕು 1947ರ ಕಾಗದದ್ದು. ಬಂದರಿನ ಕೂಲಿಕಾರರು ಸುದ್ದಿಯಾದದ್ದು 2021ರ ಅಕ್ಟೋಬರಿನಲ್ಲಿ, ಕೋವಿಡ್ ಪಾಸ್ ಕಡ್ಡಾಯ ಮಾಡಿದ್ದಕ್ಕೆ ಗೇಟಿನಲ್ಲಿ ಕೂತಾಗ. ಪೊಲೀಸರು ನೀರಿನ ಪಿರಂಗಿ ಹಾರಿಸಿ ಎಬ್ಬಿಸಿದರು.

2007ರ ಡಿಸೆಂಬರಿನಲ್ಲಿ ಸ್ಲೊವೇನಿಯಾ ಷೆಂಗೆನ್‌ಗೆ, ಅಂದರೆ ಯುರೋಪಿನ ಗಡಿ ತಪಾಸಣೆ ಇಲ್ಲದ ಕೂಟಕ್ಕೆ, ಸೇರಿದಾಗ ಗಡಿಯ ಗೇಟುಗಳನ್ನು ಎತ್ತಿಟ್ಟಿದ್ದರು. 2023ರ ಅಕ್ಟೋಬರ್ 21ರಿಂದ ತಪಾಸಣೆ ಮತ್ತೆ ಶುರುವಾಯಿತು, ತಾತ್ಕಾಲಿಕ ಅಂತ ಹೇಳಿ ಮುಂದುವರಿಸುತ್ತಾ ಬಂದಿದ್ದಾರೆ. ಪೆಟ್ರೋಲ್ ಕಡಿಮೆಗೆ ಸಿಗುತ್ತದೆ ಅಂತ ಆ ಕಡೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುವ ಊರಿನವರು ಅಲ್ಲಿ ಗಾಡಿ ನಿಧಾನ ಮಾಡಿ, ಪೊಲೀಸ್ ಕೈ ಬೀಸುವವರೆಗೆ ಕಾಯಬೇಕು.