ಎರಡೂವರೆ ಅಡಿ ಗೋಡೆಯ ಮೇಲಿನ ನಂಬಿಕೆ

"ಎರಡೂವರಿ ಫೂಟ್ ಗ್ವಾಡಿ ಐತ್ರಿ ಸರ. ಇದಕ್ಕೇನಾಗತೈತ್ರಿ?"

ಭೂಕಂಪದ ಮಾತೆತ್ತಿದರೆ ಬರುವ ಈ ಉತ್ತರವನ್ನು ಧಾರವಾಡದಲ್ಲಿ ಕೇಳಿದ್ದೇನೆ, ಗದಗಿನಲ್ಲಿ ಕೇಳಿದ್ದೇನೆ, ಹಾವೇರಿಯ ಕಡೆ ಒಂದು ಹಳೇ ಶಾಲೆಯ ಅಂಗಳದಲ್ಲಿ ನಿಂತು ಕೇಳಿದ್ದೇನೆ. ಹೇಳುವವರು ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಾರೆ, ಎತ್ತಿನ ಬೆನ್ನು ತಟ್ಟಿದ ಹಾಗೆ. ಅವರ ಅಪ್ಪ, ಅಜ್ಜ ಓದಿದ ಕಟ್ಟಡ ಅದು. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮಾತು ತಪ್ಪು. ಅದನ್ನು ತಿದ್ದುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗುತ್ತಿದೆ.

ಹಳೆಯ ಕಲ್ಲು ಕಟ್ಟಡಗಳನ್ನು ಬಲಪಡಿಸುವ ಎಂಜಿನಿಯರ್ ನಾನು. ಎರಡು ವರ್ಷದಿಂದ ಧಾರವಾಡದ ಹಳೆಯ ವಿದ್ಯಾಸಂಸ್ಥೆಯೊಂದರ ಗ್ರಂಥಾಲಯದಲ್ಲಿ ಕೆಲಸ ನಡೆದಿದೆ. ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮೇಲೆ ಮಂಗಳೂರು ಹಂಚು. ಷರತ್ತು ಒಂದೇ, ಬಾಗಿಲು ಮುಚ್ಚಬಾರದು. ಈ ಷರತ್ತು ಬಂದದ್ದು ಓದುವ ಮಕ್ಕಳಿಂದ. ಸಪ್ತಾಪುರದ ಕಡೆ ಒಮ್ಮೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ನೋಡಿ. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳ ಹುಡುಗ ಹುಡುಗಿಯರು ಚೀಲ ಹೆಗಲಿಗೇರಿಸಿ ಓದುವ ಜಾಗ ಹುಡುಕುತ್ತಿರುತ್ತಾರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್. ರೂಮಿನಲ್ಲಿ ನಾಲ್ಕು ಜನ ಇರುತ್ತಾರೆ, ಓದಲು ಆಗಲ್ಲ. ಫ್ಯಾನಿನ ಕೆಳಗೆ ಒಂದು ಕುರ್ಚಿ ಸಿಕ್ಕರೆ ದಿನವಿಡೀ ಏಳುವುದಿಲ್ಲ. ಅವರನ್ನು ಒಂದು ವರ್ಷ ಹೊರಗೆ ಹಾಕಿ ಅಂತ ಹೇಳಲು ನನಗೂ ಮನಸ್ಸಾಗಲಿಲ್ಲ.

ಈಗ ಆ ಗೋಡೆಯ ವಿಷಯ.

ಎರಡೂವರೆ ಅಡಿಯ ಕಲ್ಲಿನ ಗೋಡೆ ಹೆಚ್ಚಿನ ಕಡೆ ಒಂದು ಗೋಡೆಯೇ ಅಲ್ಲ. ಹೊರಗೆ ಒಂದು ಸಾಲು ಕಲ್ಲು, ಒಳಗೆ ಒಂದು ಸಾಲು ಕಲ್ಲು. ನಡುವೆ ಚಕ್ಕೆಕಲ್ಲು, ಮಣ್ಣು, ಒಂದಿಷ್ಟು ಗಾರೆ. ಅಂದರೆ ಎರಡು ತೆಳು ಗೋಡೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ನಡುವೆ ಸಡಿಲು ತುಂಬಿದೆ. ಇವೆರಡನ್ನೂ ಹಿಡಿದಿಡಲು ಆಚೆಯಿಂದ ಈಚೆಗೆ ಹಾಯುವ ಉದ್ದ ಕಲ್ಲುಗಳು ಬೇಕು. ನಮ್ಮ ಸಂಹಿತೆಯ, ಅಂದರೆ ಭೂಕಂಪಕ್ಕೆ ಕಟ್ಟಡ ಹೇಗಿರಬೇಕು ಅಂತ ಹೇಳುವ ನಮ್ಮ ದೇಶದ ನಿಯಮಾವಳಿಯ ಪ್ರಕಾರ ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ ಒಂದು ಸಾಲು. ಆ ಸಾಲಿನಲ್ಲಿ ಕಲ್ಲಿನಿಂದ ಕಲ್ಲಿಗೆ 1.2 ಮೀಟರ್ ಮೀರಬಾರದು. ನಾನು ನೋಡಿದ ಹಳೆಯ ಗೋಡೆಗಳಲ್ಲಿ ಇಷ್ಟು ಇದ್ದದ್ದು ಬಹಳ ಕಡಿಮೆ. ಅಷ್ಟುದ್ದದ ಕಲ್ಲು ತರುವುದು, ಎತ್ತುವುದು ಕಷ್ಟ. ಆಗಿನವರು ಬಿಟ್ಟರು.

ಇಂಥ ಗೋಡೆ ಮೇಲಿನ ಭಾರವನ್ನು ನೂರು ವರ್ಷ ಹೊರುತ್ತದೆ. ಅದರಲ್ಲಿ ಸಂಶಯವಿಲ್ಲ. ಭೂಕಂಪ ಮಾತ್ರ ಅಡ್ಡಕ್ಕೆ ಜಗ್ಗುತ್ತದೆ. ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಹುಬ್ಬಳ್ಳಿಗೆ ಹೋಗುವಾಗ ಡ್ರೈವರ್ ಬ್ರೇಕ್ ಹಾಕಿದರೆ ಏನಾಗುತ್ತದೆ? ಕಾಲು ಬಸ್ಸಿನ ಜೊತೆ ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ತಲೆಯ ಮೇಲೆ ಅಕ್ಕಿ ಮೂಟೆ ಇದ್ದರೆ ಇನ್ನೂ ಜೋರಾಗಿ ಹೋಗುತ್ತೀರಿ. ಅಕ್ಕಪಕ್ಕದವರ ಕೈ ಹಿಡಿದಿದ್ದರೆ ಉಳಿಯುತ್ತೀರಿ. ಗೋಡೆಗೂ ಇಷ್ಟೇ. ತೂಕ ಜಾಸ್ತಿ ಇದ್ದಷ್ಟು ಜಗ್ಗು ಜಾಸ್ತಿ. ದಪ್ಪ ಗೋಡೆಯ ತೂಕವೂ ಜಾಸ್ತಿ ತಾನೆ? ಹಾಗಾಗಿ ಅದರ ಮೇಲೆ ಬೀಳುವ ಜಗ್ಗೂ ಜಾಸ್ತಿ. ತಡೆದು ನಿಲ್ಲಬೇಕಾದರೆ ಹೊರಸಾಲು ಒಳಸಾಲನ್ನು ಹಿಡಿದಿರಬೇಕು, ಮೂಲೆಯಲ್ಲಿ ಒಂದು ಗೋಡೆ ಇನ್ನೊಂದನ್ನು ಹಿಡಿದಿರಬೇಕು, ಚಾವಣಿ ನಾಲ್ಕನ್ನೂ ಹಿಡಿದಿರಬೇಕು. ಹಿಡಿತ ಇಲ್ಲದಿದ್ದರೆ ಹೊರಸಾಲು ಮೊದಲು ಹೊಟ್ಟೆ ಬಿಡುತ್ತದೆ, ಆಮೇಲೆ ಕಳಚಿ ಬೀಳುತ್ತದೆ. ಎರಡೂವರೆ ಅಡಿ ಇದ್ದರೂ ಅಷ್ಟೇ, ಮೂರು ಅಡಿ ಇದ್ದರೂ ಅಷ್ಟೇ.

ನಂಬಿಕೆ ಬರದಿದ್ದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನು ನೆನಪಿಸಿಕೊಳ್ಳಿ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ. ಜನ ಗಣಪತಿ ಕಳಿಸಿ ಬಂದು ಮಲಗಿದ್ದರು. ತೀವ್ರತೆ 6.2ರ ಆಸುಪಾಸು. ಸಾವಿರಾರು ಜನ ಮಲಗಿದಲ್ಲೇ ಹೋದರು, ಬಹುಪಾಲು ಇಂಥದೇ ದಪ್ಪ ಕಲ್ಲುಮಣ್ಣಿನ ಗೋಡೆಗಳ ಕೆಳಗೆ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಆಮೇಲೆ 2002ರಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಸಂಹಿತೆಯ 2016ರ ಪಟ್ಟಿಯಲ್ಲಿ ಧಾರವಾಡ ಮೂರನೇ ವಲಯದಲ್ಲಿದೆ, ಬೆಂಗಳೂರು ಎರಡರಲ್ಲಿದೆ. 1967ರಲ್ಲಿ ನಡುಗಿದ ಮಹಾರಾಷ್ಟ್ರದ ಕೊಯ್ನಾ ಇಲ್ಲಿಂದ ಮುನ್ನೂರು ಕಿಲೋಮೀಟರಿನೊಳಗೇ ಇದೆ. ಹೆದರಿಸಲು ಹೇಳುತ್ತಿಲ್ಲ. ನಾಳೆಯೇ ಆಗುತ್ತದೆ ಅಂತ ಯಾರೂ ಹೇಳಲಾರರು. "ನಮ್ಮ ಕಡೆ ಆಗೂದಿಲ್ರಿ" ಅಂತಲೂ ಯಾರೂ ಹೇಳಬಾರದು.

ದಪ್ಪದ ನಂಬಿಕೆಯ ಬೆನ್ನಿಗೇ ಇನ್ನೊಂದು ಬರುತ್ತದೆ. "ಹಂಚ ತೆಗದು ಸ್ಲ್ಯಾಬ್ ಹಾಕಿಬಿಡ್ರಿ ಸರ, ಗಟ್ಟಿ ಆಗತೈತಿ." ದಯವಿಟ್ಟು ಹಾಗೆ ಮಾಡಬೇಡಿ. ನೂರು ಅಡಿ ಉದ್ದ, ನಲವತ್ತು ಅಡಿ ಅಗಲದ ಹಾಲ್ ಅಂದುಕೊಳ್ಳಿ. ಹಂಚು, ರೀಪು ಸೇರಿ ಸುಮಾರು 24 ಟನ್. ಅದೇ ಜಾಗಕ್ಕೆ ಐದು ಇಂಚಿನ ಸ್ಲ್ಯಾಬ್ ಹಾಕಿದರೆ 115 ಟನ್, ಮೇಲಿನ ಗಿಲಾವು ಬಿಟ್ಟು. ಮೂರನೇ ವಲಯದಲ್ಲಿ ಇಂಥ ಕಟ್ಟಡಕ್ಕೆ ಅದರ ತೂಕದ ಏಳೆಂಟನೇ ಒಂದು ಭಾಗದಿಂದ ಐದನೇ ಒಂದು ಭಾಗದ ತನಕ ಅಡ್ಡ ಜಗ್ಗು ಹಿಡಿದು ನಾವು ಲೆಕ್ಕ ಮಾಡುತ್ತೇವೆ. ಕಟ್ಟಡದ ಮಹತ್ವ ನೋಡಿ ಇದು ಬದಲಾಗುತ್ತದೆ. ಹಿಡಿತವಿಲ್ಲದ ಗೋಡೆಯ ನೆತ್ತಿಯ ಮೇಲೆ ನೂರು ಟನ್ ಕೂರಿಸಿ ಗಟ್ಟಿ ಮಾಡಿದೆವು ಅನ್ನುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ. ಆ ಸಾಗವಾನಿ ತೊಲೆಗಳು ಚೆನ್ನಾಗಿವೆ. ಗೆದ್ದಲು ಹಿಡಿದ ತುದಿಗಳನ್ನು ಬದಲಿಸಿ. ತೊಲೆಯನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಿರಿ. ಚಾವಣಿಯ ಮಟ್ಟದಲ್ಲಿ ಓರೆಪಟ್ಟಿ ಕೊಡಿ. ಹಂಚು ಹಾಗೇ ಇರಲಿ.

ನಮ್ಮ ಗ್ರಂಥಾಲಯದ ಟ್ರಸ್ಟಿ ಹಿರಿಯರೊಬ್ಬರಿಗೆ ಇಷ್ಟೆಲ್ಲ ಹೇಳಿದ್ದೆ. ತಲೆಯಾಡಿಸಿದರು, ನಂಬಲಿಲ್ಲ. ಕಡೆಗೆ ನಂಬಿಸಿದ್ದು ನನ್ನದೇ ಒಂದು ತಪ್ಪು.

ಉದ್ದ ಕಲ್ಲಿಲ್ಲದ ಗೋಡೆಗೆ ಈಗ ಉದ್ದ ಕಲ್ಲಿನ ಕೆಲಸ ಮಾಡುವಂಥದ್ದನ್ನು ಕೂರಿಸಬಹುದು. ಮೀಟರಿಗೊಂದರಂತೆ, ಸಾಲು ಬಿಟ್ಟು ಸಾಲು ಸ್ವಲ್ಪ ಸರಿಸಿ, ಗೋಡೆಯ ಆಚೆಯಿಂದ ಈಚೆಗೆ ರಂಧ್ರ ಮಾಡಬೇಕು. ಎರಡೂ ತುದಿಗೆ ಕೊಕ್ಕೆ ಇರುವ ಸರಳು ಇಟ್ಟು ಕಾಂಕ್ರೀಟ್ ತುಂಬಬೇಕು. ರಂಧ್ರವನ್ನು ಕೈಯಿಂದ ಒಂದೊಂದೇ ಕಲ್ಲು ಸಡಿಲಿಸಿ ಮಾಡುವುದು ಸರಿಯಾದ ದಾರಿ. ನಾನು ಬೇಗ ಮುಗಿಯಲಿ ಅಂತ ಮೊದಲ ದಿನ ಪ್ರಯೋಗಕ್ಕೆ ನೀರು ಹಾಯಿಸಿ ಗೋಡೆ ಕೊರೆಯುವ ಕೋರ್ ಮಷೀನ್ ಹಚ್ಚಿಸಿದೆ. ನಮ್ಮ ಗೌಂಡಿ ಅಜ್ಜ ಬೇಡ ಅಂದಿದ್ದ. ಹಿಂದಿನ ದಿನವೇ ಸುತ್ತಿಗೆಯಿಂದ ಗೋಡೆ ಬಡಿದು, ಕಿವಿ ಹಚ್ಚಿ, "ಒಳಗ ಟೊಳ್ಳ ಐತ್ರಿ ಸಾಹೇಬ್ರ" ಅಂದಿದ್ದ. ನಾನು ಕೇಳಲಿಲ್ಲ.

ಮಷೀನಿನ ನೀರು ಹೊರಗೆ ಬರಲೇ ಇಲ್ಲ. ಹತ್ತು ನಿಮಿಷದ ಮೇಲೆ, ಅಲ್ಲಿಂದ ಹತ್ತು ಅಡಿ ದೂರದಲ್ಲಿ, ಹಳೆಯ ಪತ್ರಿಕೆಗಳ ಸಂಪುಟಗಳ ಕೆಳಗಿನ ಸಾಲಿನ ಹಿಂದೆ ಕೆಂಪು ರಾಡಿಯಾಗಿ ಹೊರಟಿತು. ಹದಿನೇಳು ಸಂಪುಟ ಒದ್ದೆಯಾದವು. ಗ್ರಂಥಪಾಲಕಿ ಮೇಡಂ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಆ ರಾತ್ರಿ ಎಲ್ಲರೂ ಸೇರಿ ಹಾಳೆಗಳ ನಡುವೆ ಮುದ್ರಣವಿಲ್ಲದ ಕಾಗದ ಇಟ್ಟೆವು, ಸಂಪುಟಗಳನ್ನು ನಿಲ್ಲಿಸಿ ಫ್ಯಾನ್ ಹಚ್ಚಿದೆವು, ಕಾಗದ ಒದ್ದೆಯಾದ ಹಾಗೆಲ್ಲ ಬದಲಿಸಿದೆವು. ಬಿಸಿಲಿಗೆ ಒಣಗಿಸಬಾರದು, ಹಾಳೆ ಸೊಟ್ಟಗಾಗುತ್ತದೆ. ಎರಡು ದಿನದೊಳಗೆ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ. ಹದಿನೇಳೂ ಉಳಿದವು. ಕಲೆ ಮಾತ್ರ ಹೋಗಿಲ್ಲ.

ಮರುದಿನ ಟ್ರಸ್ಟಿಯವರು ಬಂದರು. ನೀರು ಒಳಗೆ ಹೋದ ಜಾಗ ನೋಡಿದರು, ಹೊರಗೆ ಬಂದ ಜಾಗ ನೋಡಿದರು, ನಡುವಿನ ಹತ್ತು ಅಡಿಯನ್ನು ಹೆಜ್ಜೆ ಹಾಕಿ ಅಳೆದರು. "ಅಂದ್ರ ಒಳಗ ಖಾಲಿನ ಐತಿ ಅಂದಂಗಾತು" ಅಂದರು. ಅಂದಿನಿಂದ ಗೋಡೆ ತಟ್ಟುವುದನ್ನು ಬಿಟ್ಟಿದ್ದಾರೆ. ನಾನು ಕೋರ್ ಮಷೀನನ್ನು ವಾಪಸ್ ಕಳಿಸಿದೆ. ಈಗ ಎಲ್ಲ ರಂಧ್ರವನ್ನೂ ಅಜ್ಜನ ತಂಡವೇ ಕೈಯಿಂದ ಮಾಡುತ್ತದೆ. ಆಮೇಲೆ ಸುಣ್ಣದ ತೆಳು ಗಾರೆಯನ್ನು ಕೆಳಗಿನಿಂದ ಮೇಲಕ್ಕೆ, ಒಂದು ದಿನಕ್ಕೆ ಸ್ವಲ್ಪವೇ ಎತ್ತರದಂತೆ, ನಿಧಾನವಾಗಿ ತುಂಬುತ್ತೇವೆ. ಸಿಮೆಂಟ್ ಯಾಕಲ್ಲ ಅಂದರೆ, ಅದು ಹಳೆಯ ಗಾರೆಗಿಂತ ಬಹಳ ಗಡಸು, ತೇವವನ್ನು ಹೊರಗೆ ಬಿಡುವುದಿಲ್ಲ. ನಮ್ಮ ಮಳೆಗೆ ಒಳಗಿನ ತೇವ ಪುಸ್ತಕದ ಕಡೆಗೇ ತಿರುಗುತ್ತದೆ.

ಬಾಗಿಲು ತೆರೆದಿಟ್ಟು ಕೆಲಸ ಮಾಡುವಾಗ ಒಂದು ನಿಯಮ ಮುರಿಯಬಾರದು. ಇವತ್ತು ಸಂಜೆ ಬಿಟ್ಟುಹೋಗುವ ಕಟ್ಟಡ ಬೆಳಿಗ್ಗೆ ಇದ್ದುದಕ್ಕಿಂತ ದುರ್ಬಲವಾಗಿರಕೂಡದು. ಪಕ್ಕಪಕ್ಕದ ರಂಧ್ರಗಳನ್ನು ಒಟ್ಟಿಗೆ ತೆಗೆಯುವುದಿಲ್ಲ. ಒಂದನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಪಕ್ಕದ್ದು. ಕಟ್ಟಡವನ್ನು ನಾಲ್ಕು ಭಾಗ ಮಾಡಿದ್ದೇವೆ, ಒಂದು ಭಾಗ ಮಾತ್ರ ಮುಚ್ಚಿರುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯ ಎರಡು ಪರದೆ, ನಡುವೆ ಒದ್ದೆ ಗೋಣಿತಟ್ಟು, ಧೂಳಿಗೆ ಅದು. ಸದ್ದಿನ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಬೇಕು. ವೆಲ್ಡಿಂಗ್ ಒಳಗೆ ಮಾಡುವಂತೇ ಇಲ್ಲ, ಅಂಗಳದಲ್ಲಿ ಮಾಡಿ ತಂದು ಬೋಲ್ಟ್ ಹಾಕುತ್ತಾರೆ. ಬಿರುಕುಗಳ ಮೇಲೆ ಗಾಜಿನ ಚೂರು ಅಂಟಿಸಿದ್ದೇವೆ. ಗಾಜು ಒಡೆದರೆ ಬಿರುಕು ಅಗಲವಾಗುತ್ತಿದೆ ಅಂತ ಅರ್ಥ, ಅವತ್ತೇ ಎಲ್ಲರನ್ನೂ ಹೊರಗೆ ಕಳಿಸುತ್ತೇನೆ, ಪರೀಕ್ಷೆ ನಾಳೆಯೇ ಇದ್ದರೂ. ಇದನ್ನು ಮಕ್ಕಳಿಗೂ ಮೊದಲೇ ಹೇಳಿದ್ದೇನೆ. ಎಲ್ಲ ಕಟ್ಟಡಗಳನ್ನೂ ಹೀಗೆ ತೆರೆದಿಟ್ಟು ರಿಪೇರಿ ಮಾಡಲು ಬರುವುದಿಲ್ಲ.

ಪುಸ್ತಕ ಎಲ್ಲಿಗೆ ಸಾಗಿಸಬೇಕು ಅನ್ನುವುದರಲ್ಲೂ ಎಡವುತ್ತಾರೆ. ಇನ್ನೊಂದು ಊರಿನ ಕಾಲೇಜಿನಲ್ಲಿ ಸುಮ್ನೆ ಮೊದಲ ಮಹಡಿಯ ಕ್ಲಾಸ್‌ರೂಮಿಗೆ ಎಲ್ಲ ರ‍್ಯಾಕ್ ಎತ್ತಿ ಇಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಕೆಳಗಿನ ಕೋಣೆಯ ಚಾವಣಿ ಜೋತುಬಿದ್ದಿತ್ತು. ಕ್ಲಾಸ್‌ರೂಮಿನ ನೆಲವನ್ನು ಚದರ ಮೀಟರಿಗೆ ಸುಮಾರು 300 ಕಿಲೋ ಹಿಡಿದು ವಿನ್ಯಾಸ ಮಾಡುತ್ತಾರೆ. ಪುಸ್ತಕದ ರ‍್ಯಾಕ್‌ಗಳಿರುವ ಜಾಗಕ್ಕೆ 600 ಕಿಲೋ, ರ‍್ಯಾಕ್ 2.2 ಮೀಟರಿಗಿಂತ ಎತ್ತರವಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ನೆಲ ಅಂತಸ್ತೇ ಬೇಕು, ಅದೂ ಮಣ್ಣಿನ ಮೇಲೆ ಕೂತ ನೆಲ.

ಮತ್ತೆ ಆ ರ‍್ಯಾಕ್‌ಗಳು. ಗೋಡೆ ಅಲ್ಲಾಡುವ ಮೊದಲೇ ಅವು ಮಗುಚುತ್ತವೆ, ಒಂದರ ಮೇಲೊಂದು. ನಮ್ಮಲ್ಲಿ ಮೊದಲು ಮಾಡಿದ ಕೆಲಸವೇ ಅದು. ಎಲ್ಲ ಸಾಲುಗಳನ್ನೂ ನೆತ್ತಿಯಲ್ಲಿ ಕಬ್ಬಿಣದ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿದೆವು, ಬುಡವನ್ನು ನೆಲಕ್ಕೆ ಬೋಲ್ಟ್ ಮಾಡಿದೆವು. ಗೋಡೆಗೆ ಕಟ್ಟಲಿಲ್ಲ, ಬಿಗಿಯದ ಗೋಡೆಗೆ ರ‍್ಯಾಕ್ ಕಟ್ಟಿದರೆ ಅದನ್ನೂ ಎಳೆದುಕೊಂಡು ಬೀಳುತ್ತದೆ. ಭಾರದ ಸಂಪುಟಗಳು ಕೆಳಗಿನ ಸಾಲಿಗೆ ಬಂದವು, ನೆಲದಿಂದ ನಾಲ್ಕು ಇಂಚು ಮೇಲೆ. ಈ ನಾಲ್ಕು ಇಂಚು ಎತ್ತರಿಸಿದ್ದು ಆ ನೀರು ನುಗ್ಗಿದ ದಿನವಾದ ನಂತರ.

ಮೊಬೈಲಿನಲ್ಲಿ ವಿಡಿಯೋ ನೋಡಿ ಕೆಲವರು ನೆಲದ ನಡುಕ ಮೇಲೇರದಂತೆ ಕಟ್ಟಡದ ಬುಡಕ್ಕೆ ರಬ್ಬರ್ ಹಾಕಬಹುದಲ್ವಾ ಅಂತ ಕೇಳುತ್ತಾರೆ. ಹಾಕಬಹುದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಹಳೆಯ ಕಲ್ಲಿನ ಆಡಳಿತ ಭವನಕ್ಕೆ 1980ರ ದಶಕದ ಕೊನೆಯಲ್ಲೇ ಹಾಕಿದರು. 2001ರ ಭೂಕಂಪದ ಮೇಲೆ ಭುಜ್‌ನಲ್ಲಿ ಕಟ್ಟಿದ ಹೊಸ ಜಿಲ್ಲಾ ಆಸ್ಪತ್ರೆಗೂ ಇದೆ. ಹಳೆಯ ಕಟ್ಟಡದಲ್ಲಿ ಇದಕ್ಕೆ ಪಾಯವನ್ನೇ ಬಿಡಿಸಿ ಇಡೀ ಭಾರವನ್ನು ಬೇರೆಯದರ ಮೇಲೆ ಹೊರಿಸಬೇಕು. ಒಂದು ಅಂತಸ್ತಿನ ನಮ್ಮ ಗ್ರಂಥಾಲಯಕ್ಕೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

"ಮುಂದ ನೋಡೂಣು" ಅನ್ನುವವರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೀನ್ ಗ್ರಂಥಾಲಯದ ಹಳೆಯ ಪಶ್ಚಿಮ ಭಾಗದ ಕಥೆ ಹೇಳುತ್ತೇನೆ. 1989ರ ಅಕ್ಟೋಬರಿನ ಭೂಕಂಪದಲ್ಲಿ ಅದಕ್ಕೆ ಪೆಟ್ಟಾಯಿತು. ಮತ್ತೆ ಬಾಗಿಲು ತೆರೆದದ್ದು 1999ರಲ್ಲಿ. ಅಷ್ಟು ದುಡ್ಡಿದ್ದ ಜಾಗದಲ್ಲೇ ಹತ್ತು ವರ್ಷ ಬೇಕಾಯಿತು.

"ಇದು ಭೂಕಂಪ ನಿರೋಧಕ ಅಂತ ಸರ್ಟಿಫಿಕೇಟ್ ಕೊಡ್ರಿ" ಅಂತ ಕೇಳಿದರೆ ನಾನು ಕೊಡುವುದಿಲ್ಲ. ಕೆಲಸ ಮುಗಿದ ಮೇಲೂ ದೊಡ್ಡ ನಡುಕ ಬಂದರೆ ಈ ಕಟ್ಟಡ ಬಿರುಕು ಬಿಡಬಹುದು, ಹಂಚು ಉದುರಬಹುದು. ಒಳಗಿರುವವರ ಮೇಲೆ ಗೋಡೆ ಬೀಳದೆ, ಅವರು ಹೊರಗೆ ಬರುವಷ್ಟು ಹೊತ್ತು ನಿಂತಿರಬೇಕು ಅನ್ನುವುದು ನಮ್ಮ ಗುರಿ. ಸಂಹಿತೆ ಕೇಳುವುದೂ ಸುಮಾರಾಗಿ ಅದನ್ನೇ. ನಿಮ್ಮ ಕಟ್ಟಡದ ಕಲ್ಲು ಬೇರೆ, ಮಣ್ಣು ಬೇರೆ. ನವಲಗುಂದದ ಎರಿ ಮಣ್ಣಿನ ಮೇಲೆ ಕೂತದ್ದಕ್ಕೂ ಧಾರವಾಡದ ಕೆಂಪು ದಿಬ್ಬದ ಮೇಲೆ ಕೂತದ್ದಕ್ಕೂ ಲೆಕ್ಕ ಒಂದೇ ಆಗುವುದಿಲ್ಲ. ಇಲ್ಲಿ ಓದಿದ್ದನ್ನು ನೇರವಾಗಿ ಗೌಂಡಿಗೆ ಹೇಳಿ ಮಾಡಿಸಬೇಡಿ. ಯಾರಾದರೂ ಎಂಜಿನಿಯರ್ ಒಂದೆರಡು ಕಲ್ಲು ಬಿಚ್ಚಿ ಗೋಡೆಯ ಒಳಗನ್ನು ಕಣ್ಣಾರೆ ನೋಡಲಿ, ತೂಗುಗುಂಡು ಇಳಿಬಿಟ್ಟು ಎಲ್ಲೆಲ್ಲಿ ಹೊಟ್ಟೆ ಬಿಟ್ಟಿದೆ ಅಂತ ಬರೆದಿಟ್ಟುಕೊಳ್ಳಲಿ. ಕರೆಯುವುದಾದರೆ ದೀಪಾವಳಿ ಕಳೆದ ಕೂಡಲೇ ಕರೆಯಿರಿ. ಹಂಚು ತೆಗೆದು ಮತ್ತೆ ಹೊದಿಸಲು ಜನವರಿಯಿಂದ ಏಪ್ರಿಲ್ ತನಕ ಸಮಯ ಸಿಗುತ್ತದೆ. ಮೇ ತಿಂಗಳಲ್ಲಿ ಗಾಳಿಮಳೆ ಶುರುವಾದ ಮೇಲೆ ಪುಸ್ತಕಗಳ ಮೇಲಿನ ಒಂದು ಹಂಚನ್ನೂ ನಾನು ಮುಟ್ಟುವುದಿಲ್ಲ.